ಎರಡನೆಯ ಮಣಿ

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಆ ದೈತ್ಯ ಮನುಷ್ಯ ಎಕ್ಸ್‌ರೇ ಕೋಣೆಗೆ ನಡೆದುಕೊಂಡೇ ಬಂದ. ಮುಂದೆ ಈ ಸಂಗತಿಯನ್ನು ಯಾರಿಗೆ ಹೇಳುವಾಗಲೂ ಅಗಾತಾ ಪಾಯ್ಸ್ ಮೊದಲು ಹೇಳುತ್ತಿದ್ದುದು ಇದನ್ನೇ: "ನಡ್ಕೊಂಡೇ ಬಂದ, ಮಾರಾಯ್ರೆ. ನಗಾಡ್ತಾ ಬಂದ."

ಅಗಾತಾ ಶಿರ್ವದವಳು. ದುಬೈಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ಎಕ್ಸ್‌ರೇ ಟೆಕ್ನೀಷಿಯನ್. 2016ರ ಫೆಬ್ರವರಿಯ ಆ ಶುಕ್ರವಾರ ಬೆಳಗಿನ ಪೂಜೆ ಮುಗಿಸಿ, ಚರ್ಚಿನಿಂದ ನೇರ ಡ್ಯೂಟಿಗೆ ಬಂದಿದ್ದಳು. ರಜೆಯ ದಿನವಾದ್ದರಿಂದ ಶುಕ್ರವಾರ ಆಟದ ಗಾಯಗಳೇ ಹೆಚ್ಚು. ಕ್ರಿಕೆಟ್ ಆಡಿ ಬೆರಳು ಮುರಿದುಕೊಂಡವರು, ಫುಟ್‌ಬಾಲ್ ಆಡಿ ಮಂಡಿ ತಿರುಚಿಕೊಂಡವರು. ಈತ ರಗ್ಬಿಯವನು. ಮೈಯೆಲ್ಲ ಮಣ್ಣು, ಹುಲ್ಲು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಚೀಟಿಯಲ್ಲಿ ಹೆಸರು ಎರ್ನಾನ್ ಸಾಲ್ವತಿಯೆರ್ರಾ, ವಯಸ್ಸು ಮೂವತ್ತನಾಲ್ಕು, ದೇಶ ಆರ್ಜೆಂಟೀನಾ. ತೆಗೆಯಬೇಕಾದದ್ದು ಬಲ ಭುಜದ ಎಕ್ಸ್‌ರೇ.

ಭುಜದ ಚಿತ್ರ ಎರಡು ನಿಮಿಷದಲ್ಲಿ ಮುಗಿಯಿತು. ಕೀಲು ತಪ್ಪಿರಲಿಲ್ಲ, ಮೂಳೆ ಬಿರಿದಿರಲಿಲ್ಲ. ಅಗಾತಾ ಅವನನ್ನು ಕಳಿಸಿಬಿಡಬಹುದಿತ್ತು. ಆದರೆ ಎಡಬದಿಯಿಂದ ಅವಳು ಮಾತಾಡಿಸಿದಾಗ ಅವನು ತಲೆ ತಿರುಗಿಸಲಿಲ್ಲ. ಕಪಾಟನ್ನು ತಿರುಗಿಸಿದಂತೆ ಇಡೀ ಮೈಯನ್ನೇ ತಿರುಗಿಸಿದ. ಎರಡನೆಯ ಸಲವೂ ಹಾಗೇ ಮಾಡಿದ. ಫೋನು ಎತ್ತಿಕೊಳ್ಳಲು ಹೋದಾಗ ಅದು ಅವನ ಎಡಗೈಯಿಂದ ಜಾರಿ ನೆಲಕ್ಕೆ ಬಿತ್ತು. ನೋವಿದ್ದದ್ದು ಬಲಗೈಗೆ.

"ನಿಮ್ಮ ಕತ್ತಿಗೆ ಏನಾಗಿದೆ?" ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಕತ್ತಾ? ಅದು ಹಿಡಿದುಕೊಂಡು ಎರಡು ವರ್ಷವಾಯ್ತು. ಸ್ಕ್ರಮ್‌ನಲ್ಲಿ, ಎರಡೂ ತಂಡ ತಲೆಗೆ ತಲೆ ಕೊಟ್ಟು ನೂಕುವಾಗ, ನಡುವೆ ನಿಲ್ಲುವವನು ನಾನು. ನಮ್ಮಂಥವರಿಗೆ ಯಾರಿಗೂ ಕತ್ತು ಅನ್ನುವುದೇ ಇರುವುದಿಲ್ಲ," ಎಂದು ಅವನು ನಕ್ಕ.

"ಬೆರಳು ಜೋಮು ಹಿಡಿಯುತ್ತದಾ?"

"ಕೆಲವೊಮ್ಮೆ. ಬೆಳಿಗ್ಗೆ ಮಾತ್ರ."

ಅಗಾತಾ ಒಳಕೋಣೆಗೆ ಹೋಗಿ ತುರ್ತು ವಿಭಾಗದ ಡಾಕ್ಟರ್ ಶಾಮಸುಂದರರಿಗೆ ಫೋನ್ ಮಾಡಿದಳು. ಅವರು ಪುತ್ತೂರಿನವರು.

"ಭುಜಕ್ಕೆ ಬಂದವನಿಗೆ ಕತ್ತಿನ ಎಕ್ಸ್‌ರೇ ಎಂತಕ್ಕೆ ಅಗಾತಾ? ಇಲ್ಲಿ ಲೈನ್ ಉಂಟು."

"ಗೊತ್ತುಂಟು ಡಾಕ್ಟ್ರೇ. ಆದ್ರೆ ಅವ ತಲೆ ತಿರ್ಗಿಸ್ತಾನೇ ಇಲ್ಲ. ಎಡಗೈಯಲ್ಲೂ ವಸ್ತು ನಿಲ್ಲುದಿಲ್ಲ. ಒಂದು ಸೈಡಿಂದ ತೆಗಿಲಿಕ್ಕೆ ಆರ್ಡರ್ ಹಾಕಿ, ಸಾಕು."

ಡಾಕ್ಟರು ನಿಟ್ಟುಸಿರು ಬಿಟ್ಟರು. "ಆಯ್ತು. ಹಾಕ್ತೇನೆ."

ಚಿತ್ರ ಪರದೆಯ ಮೇಲೆ ಮೂಡಿತು. ಅಗಾತಾ ಮೊದಲು ಮೆಷಿನ್ ಕೆಟ್ಟಿರಬೇಕು ಎಂದುಕೊಂಡಳು. ಆಮೇಲೆ ಬೇರೆ ಯಾರದೋ ಚಿತ್ರ ಬಂದಿದೆ ಎಂದುಕೊಂಡು ಹೆಸರು ನೋಡಿದಳು. ಅವನದೇ.

ಕತ್ತಿನ ಎರಡನೆಯ ಮಣಿಯಿಂದ ಬೆರಳಿನಂಥ ಒಂದು ಎಲುಬು ಮೇಲಕ್ಕೆದ್ದು ನಿಂತಿರುತ್ತದೆ. ಮೊದಲನೆಯ ಮಣಿ, ಅದರ ಮೇಲಿನ ತಲೆ, ಎರಡೂ ತಿರುಗುವುದು ಈ ಬೆರಳನ್ನು ಸುತ್ತಿ. ಈ ಚಿತ್ರದಲ್ಲಿ ಆ ಬೆರಳು ಬುಡದಲ್ಲೇ ಮುರಿದಿತ್ತು. ಮುರಿದ ತುಂಡು, ಮೊದಲನೆಯ ಮಣಿ, ತಲೆ ಎಲ್ಲವೂ ಸೇರಿ ಮುಂದಕ್ಕೆ ಸರಿದಿದ್ದವು. ಅದರ ಹಿಂದೆಯೇ ಮೆದುಳಿನಿಂದ ಇಳಿದು ಬರುವ ನರದ ಹುರಿ. ಇನ್ನಷ್ಟು ಸರಿದರೆ ಉಸಿರೇ ನಿಲ್ಲುತ್ತದೆ. ಇಂಥ ಚಿತ್ರವನ್ನು ಅವಳು ಹಿಂದೆ ಒಂದೇ ಸಲ ನೋಡಿದ್ದಳು. ಅದು ರಸ್ತೆ ಅಪಘಾತದಲ್ಲಿ ತೀರಿಕೊಂಡವನದು.

ಗಾಜಿನ ಆಚೆ ಎರ್ನಾನ್ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಕಟ್ಟಲು ಬಾಗುತ್ತಿದ್ದ.

"ಅಲ್ಲಾಡ್ಬೇಡಿ!"

ಅವಳ ಬಾಯಿಂದ ಬಂದದ್ದು ಕನ್ನಡ. ಅದರ ಅರ್ಥ ಆಗದಿದ್ದರೂ ಆ ಕೂಗಿಗೆ ಅವನು ಬಾಗಿದಲ್ಲೇ ತಡೆದ. ಅಗಾತಾ ಓಡಿ ಹೋಗಿ, ಅವನ ಹಿಂದೆ ನಿಂತು, ಎರಡೂ ಅಂಗೈಗಳಿಂದ ಅವನ ತಲೆಯನ್ನು ಕಿವಿಗಳ ಬಳಿ ಹಿಡಿದಳು. ಮೆಲ್ಲಗೆ ನೆಟ್ಟಗೆ ಕೂರಿಸಿದಳು.

"ನೌಶಾದ್! ಕಾಲರ್ ತಾ! ಡಾಕ್ಟ್ರನ್ನು ಕರಿ!"

ಪಕ್ಕದ ವಾರ್ಡಿನ ನರ್ಸ್ ನೌಶಾದ್ ಬಾಗಿಲಲ್ಲಿ ಇಣುಕಿದ. "ಎಂತ ಆಯ್ತು ಅಗಾತಕ್ಕ?"

"ಕೇಳ್ಬೇಡ, ಓಡು."

"ನನಗೆ ಏನಾಯ್ತು?" ಎರ್ನಾನ್ ಕೇಳಿದ. ಅವನ ದನಿಯಲ್ಲಿ ಇನ್ನೂ ಅರ್ಧ ನಗುವಿತ್ತು. "ನನ್ನ ತಲೆ ಬಿದ್ದುಹೋಗುತ್ತದಾ?"

ಟೆಕ್ನೀಷಿಯನ್ ರೋಗಿಗೆ ಏನೂ ಹೇಳಬಾರದು. ಹೇಳುವುದು ಡಾಕ್ಟರ ಕೆಲಸ. ಅಗಾತಾ ಇಷ್ಟೇ ಹೇಳಿದಳು: "ಡಾಕ್ಟರ್ ಬರುತ್ತಾರೆ. ಅಲ್ಲಿಯವರೆಗೆ ತಲೆ ಆಡಿಸಬೇಡಿ. ಬೇಕಾದರೆ ಮಾತಾಡಿ. ನಿಮ್ಮ ಊರು ಯಾವುದು?"

ಅವಳ ಅಂಗೈಗಳ ಬಿಗಿ ಅವನಿಗೆ ತಿಳಿದಿರಬೇಕು. ನಗು ನಿಂತಿತು. ಮಾತಾಡತೊಡಗಿದ. ಊರು ತುಕುಮಾನ್. ಅಲ್ಲಿ ಹೋದಲ್ಲೆಲ್ಲ ನಿಂಬೆ ತೋಟ. ಅಪ್ಪನೂ ಅಣ್ಣನೂ ರಗ್ಬಿ ಆಡುತ್ತಿದ್ದರು. ಅವರ ದೇಶದ ಕ್ಲಬ್ಬುಗಳಲ್ಲಿ ಆಟಕ್ಕೆ ಸಂಬಳವಿಲ್ಲ. ಹಗಲು ನಿಂಬೆಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ, ಸಂಜೆ ಅಭ್ಯಾಸ. ಇಪ್ಪತ್ತನಾಲ್ಕಕ್ಕೆ ಫ್ರಾನ್ಸಿನ ಕ್ಲಬ್ಬೊಂದು ಕರೆಯಿತು. ಇಪ್ಪತ್ತೇಳಕ್ಕೆ ದೇಶದ ಜೆರ್ಸಿ, ನೀಲಿ-ಬಿಳಿ ಪಟ್ಟಿಯದು. "ಇಪ್ಪತ್ತೆರಡು ಸಲ ಹಾಕಿದ್ದೇನೆ. ಮೊದಲ ಸಲ ಹಾಕಿದಾಗ ಅಮ್ಮ ಟಿವಿಯ ಮುಂದೆ ಮೊಣಕಾಲೂರಿ ಕೂತಿದ್ದಳಂತೆ." ಕಳೆದ ವರ್ಷದ ವಿಶ್ವಕಪ್ ತಂಡದಲ್ಲಿ ಹೆಸರು ಬರಲಿಲ್ಲ. ಫ್ರಾನ್ಸಿನ ಕರಾರೂ ಮುಗಿದಿತ್ತು. ಅಬುಧಾಬಿಯ ಕ್ಲಬ್ಬೊಂದು ಆಟಗಾರನೂ ಕೋಚೂ ಆಗಿ ಬಾ ಎಂದಿತು. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಬಂದ. ಅಲ್ಲಿನ ಖಾಲಿದಿಯಾದಲ್ಲಿ ಮನೆ. ಇವತ್ತಿನ ಪಂದ್ಯ ಮಾತ್ರ ದುಬೈಯಲ್ಲಿತ್ತು.

"ನಿಮ್ಮ ಕೈ ಸೋಲುವುದಿಲ್ಲವಾ?" ಎಂದು ನಡುವೆ ಕೇಳಿದ.

"ಇಲ್ಲ," ಎಂದಳು ಅಗಾತಾ. ಅವಳ ಭುಜಗಳು ಬೆಂಕಿ ಬಿದ್ದಂತೆ ಉರಿಯುತ್ತಿದ್ದವು.

ಡಾಕ್ಟರ್ ಶಾಮಸುಂದರ ಬಂದು ಚಿತ್ರ ನೋಡಿದರು. ಕತ್ತಿಗೆ ಗಟ್ಟಿ ಕಾಲರ್ ಹಾಕಿಸಿ, ಆರು ಜನ ಸೇರಿ ಅವನನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಎತ್ತಿ ಹಲಗೆಯ ಮೇಲೆ ಮಲಗಿಸಿದರು. ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ನೋಡುವಾಗ ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಬಾಗಿದರು.

"ಅಗಾತಾ, ಇಲ್ಲಿ ನೋಡಿ. ಮುರಿದ ಅಂಚು ಹೇಗುಂಟು?"

"ನುಣ್ಣಗೆ."

"ಇವತ್ತು ಮುರಿದದ್ದಾದ್ರೆ ಚೂಪಿರ್ತಿತ್ತು. ಇದು ಹಳತು. ಒಂದು ವರ್ಷ, ಎರಡು ವರ್ಷ ಆಗಿರ್ಬೇಕು."

"ಅಂದ್ರೆ ಇಷ್ಟು ದಿನ..."

"ಇಷ್ಟು ದಿನ ಇದನ್ನಿಟ್ಕೊಂಡು ಎಂಟು ಜನ ಎದುರಿಂದ ನೂಕುವ ಆಟ ಆಡಿದ್ದಾನೆ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಗೆ ಬದುಕಿದ್ದಾನೆ ಅಂತ ನನ್ನ ಹತ್ರ ಕೇಳ್ಬೇಡಿ."

ರೋಗಿಗೆ ಅವರೇ ಹೇಳಿದರು. ಎರ್ನಾನ್ ಮೇಲ್ಛಾವಣಿ ನೋಡುತ್ತ ಮಲಗಿದ್ದ. ಕಾಲರಿನಿಂದಾಗಿ ಬೇರೆಡೆ ನೋಡುವಂತಿರಲಿಲ್ಲ. ಎಲ್ಲ ಕೇಳಿಸಿಕೊಂಡು, "ಆಗುವುದಿಲ್ಲ," ಎಂದ. "ಫ್ರಾನ್ಸಿನಲ್ಲಿ ಕತ್ತು ನೋವು ಶುರುವಾದಾಗಲೇ ಸ್ಕ್ಯಾನ್ ಮಾಡಿಸಿದ್ದರು. ಏನೂ ಇಲ್ಲ, ಬರೀ ಮಾಂಸಖಂಡ ಎಂದು ಕ್ಲಬ್ಬಿನ ಡಾಕ್ಟರೇ ಹೇಳಿದ. ಮಾತ್ರೆ ಕೊಟ್ಟ."

"ಆ ಸ್ಕ್ಯಾನ್ ಎಲ್ಲಿದೆ?"

"ಮನೆಯಲ್ಲಿ, ಫೈಲಿನಲ್ಲಿ. ಸ್ಕ್ಯಾನ್ ಮಾಡಿದವರು ನನಗೂ ಒಂದು ಸಿ.ಡಿ. ಕಳಿಸಿದ್ದರು."

ಹೆಂಡತಿ ಲುಸಿಯಾ ಅಬುಧಾಬಿಯಿಂದ ಕಾರು ಓಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯ ಬಾಂಗು ಕೇಳಿಸುತ್ತಿತ್ತು. ಸಣ್ಣ ಮೈಯ ಹೆಂಗಸು. ಎದೆಗೆ ಒತ್ತಿ ಹಿಡಿದ ಫೈಲಿನಿಂದ ಬಿಳಿ ಲಕೋಟೆಯೊಂದನ್ನು ತೆಗೆದುಕೊಟ್ಟಳು. ಅದರ ಬಾಯಿಗೆ ಅಂಟಿಸಿದ ಸ್ಟಿಕ್ಕರ್ ಹಾಗೇ ಇತ್ತು. ಎರಡು ವರ್ಷ ಯಾರೂ ಒಡೆದಿರಲಿಲ್ಲ. ಅಗಾತಾಳೇ ಒಡೆದಳು.

ಸಿ.ಡಿ.ಯ ಚಿತ್ರ ತೆರೆದುಕೊಂಡಿತು. ಅದೇ ಎರಡನೆಯ ಮಣಿ, ಅದೇ ಮುರಿತ. ಆಗಿನ್ನೂ ಎಲುಬು ಇಷ್ಟು ಸರಿದಿರಲಿಲ್ಲ. ಆದರೆ ಗೆರೆ ಎದ್ದು ಕಾಣುತ್ತಿತ್ತು. ಕಾಲೇಜಿನ ಮೊದಲ ವರ್ಷದವರೂ ಗುರುತಿಸುವಂಥದ್ದು. ಅಗಾತಾ ಡಾಕ್ಟರ ಮುಖ ನೋಡಿದಳು. ಡಾಕ್ಟರು ಅವಳ ಮುಖ ನೋಡಿದರು.

ಲಕೋಟೆಯಲ್ಲಿ ಒಂದು ಹಾಳೆಯೂ ಇತ್ತು. ಫ್ರೆಂಚಿನಲ್ಲಿ ಬರೆದ ವರದಿ. ಆಸ್ಪತ್ರೆಯಲ್ಲಿ ಯಾರಿಗೂ ಫ್ರೆಂಚ್ ಬರುತ್ತಿರಲಿಲ್ಲ. ಎಂಟು ವರ್ಷ ಫ್ರಾನ್ಸಿನಲ್ಲಿದ್ದ ಲುಸಿಯಾ ಗಂಡನ ಪಕ್ಕ ನಿಂತು ಓದಿ, ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳತೊಡಗಿದಳು.

"ದಿನಾಂಕ ಒಂಬತ್ತು ಏಪ್ರಿಲ್ 2014. ಎರಡನೆಯ ಮಣಿಯ ಬುಡದಲ್ಲಿ ಮುರಿತ. ಅಸ್ಥಿರ. ರೋಗಿ ತಕ್ಷಣ ಆಟ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆಗೆ..." ಅವಳ ದನಿ ನಿಂತಿತು.

"ಓದು," ಎಂದ ಎರ್ನಾನ್.

"ಕ್ಲಬ್ಬಿನ ವೈದ್ಯರಿಗೆ ಈ ದಿನವೇ ಫೋನಿನಲ್ಲಿ ತಿಳಿಸಲಾಗಿದೆ."

ಬಾಗಿಲ ಬಳಿ ನಿಂತಿದ್ದ ನೌಶಾದ್, "ಯಾ ಅಲ್ಲಾ," ಎಂದ.

"ಹನ್ನೆರಡನೇ ತಾರೀಕು ಸೆಮಿಫೈನಲ್," ಎರ್ನಾನ್ ಮೇಲ್ಛಾವಣಿಗೆ ಹೇಳಿದ. "ಎಂಬತ್ತು ನಿಮಿಷವೂ ಆಡಿದೆ. ಮೈದಾನಕ್ಕೆ ಇಳಿಯುವ ಮೊದಲು ಆ ಡಾಕ್ಟರೇ ನನ್ನ ಕತ್ತಿಗೆ ಟೇಪ್ ಸುತ್ತಿದ. ಅವನ ಕೈಯಿಂದಲೇ. ಬೆನ್ನು ತಟ್ಟಿ ಕಳಿಸಿದ. ಆಮೇಲೆ ನಲವತ್ತಕ್ಕೂ ಹೆಚ್ಚು ಪಂದ್ಯ. ಅದರಲ್ಲಿ ನಾಲ್ಕು ನನ್ನ ದೇಶಕ್ಕಾಗಿ. ಅವನು ನಮ್ಮ ಮಗಳ ಜ್ಞಾನಸ್ನಾನಕ್ಕೆ ಬಂದಿದ್ದ, ಲುಸಿಯಾ."

ಲುಸಿಯಾ ಅಳಲಿಲ್ಲ. ಹಾಳೆಯನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಆಮೇಲೆ ಸ್ಪ್ಯಾನಿಷಿನಲ್ಲಿ ಗಂಡನನ್ನು ಏನೋ ಕೇಳಿದಳು. ಅಗಾತಾಳ ಕಡೆ ತಿರುಗಿ ಅವಳೇ ಇಂಗ್ಲಿಷಿನಲ್ಲಿ ಹೇಳಿದಳು: "ನೀನ್ಯಾಕೆ ಒಡೆಯಲಿಲ್ಲ ಅಂತ ಕೇಳಿದೆ. ನಾನ್ಯಾಕೆ ಒಡೆಯಲಿಲ್ಲ? ಎರಡು ಮನೆ ಬದಲಾಯಿಸಿದೆವು. ಎರಡು ಸಲವೂ ನಾನೇ ಇದನ್ನು ಪೆಟ್ಟಿಗೆಗೆ ಹಾಕಿದೆ."

ಅಗಾತಾ ಅವಳ ಕೈ ಹಿಡಿದುಕೊಂಡಳು.

ಮಂಗಳವಾರ ಆಪರೇಷನ್ ಆಯಿತು. ಐದು ಗಂಟೆ ಹಿಡಿಯಿತು. ಮೊದಲ ಎರಡು ಮಣಿಗಳನ್ನು ಸ್ಕ್ರೂ ಹಾಕಿ ಒಂದಕ್ಕೊಂದು ಬಿಗಿದರು. ಕೈಕಾಲು ಉಳಿದವು, ಬೆರಳಿನ ಜೋಮೂ ಕ್ರಮೇಣ ಇಳಿಯಿತು. ತಲೆ ಮಾತ್ರ ಇನ್ನು ಅರ್ಧವಷ್ಟೇ ತಿರುಗುತ್ತದೆ. ಆಟ ಮುಗಿಯಿತು.

ಮೂರು ತಿಂಗಳು ಬಿಟ್ಟು ಎಕ್ಸ್‌ರೇಗೆ ಬಂದಾಗ ಅವನು ಹದಿನೈದು ಕಿಲೋ ಇಳಿದಿದ್ದ. ಚಿತ್ರ ತೆಗೆದ ಮೇಲೆ ಕುರ್ಚಿಯಲ್ಲಿ ಕೂತು ಅಗಾತಾಳಿಗೆ ಹೇಳಿದ: "ಫ್ರಾನ್ಸಿನ ಆ ಡಾಕ್ಟರ್ ಫೋನ್ ಮಾಡಿದ್ದ. ಸುದ್ದಿ ಅಲ್ಲಿಗೂ ಮುಟ್ಟಿದೆ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ಅವನು, 'ನಿನ್ನ ಒಳ್ಳೆಯದಕ್ಕೇ ಮಾಡಿದೆ, ಆಡಬೇಕು ಎಂದು ನೀನೇ ಹಟ ಹಿಡಿದಿದ್ದೆ' ಎಂದ."

"ಹಟ ಹಿಡಿದಿದ್ದಿರಾ?"

"ಹೌದು. ಕತ್ತು ನೋಯುತ್ತಿದ್ದರೂ ಆಡುತ್ತೇನೆ ಎಂದಿದ್ದೆ. ಮುರಿದಿದೆ ಎಂದು ಯಾರು ಹೇಳಿದ್ದರು?" ಅವನ ಮುಖ ಕೆಂಪಾಯಿತು. "ಅದೇ ಕ್ಲಬ್ಬಿನಲ್ಲಿದ್ದ ಏಳು ಜನರಿಗೆ ಬರೆದೆ, ಹಳೆಯ ಲಕೋಟೆಗಳನ್ನು ಒಡೆದು ನೋಡಿ ಎಂದು. ಆರು ಜನರದು ಸರಿ ಇತ್ತು. ಒಬ್ಬನದು ಸರಿ ಇರಲಿಲ್ಲ, ಅವನ ಕತ್ತಿನಲ್ಲೂ ಮುರಿತ. ಅವನು ಇಪ್ಪತ್ತಾರರ ಹುಡುಗ, ಕಳೆದ ಭಾನುವಾರವೂ ಆಡಿದ್ದಾನೆ."

ಅಗಾತಾ ಕುರ್ಚಿ ಎಳೆದುಕೊಂಡು ಕೂತಳು.

"ಈಗ?"

"ಈಗ ಆಸ್ಪತ್ರೆಯಲ್ಲಿದ್ದಾನೆ. ಇಬ್ಬರೂ ಕೇಸು ಹಾಕುತ್ತೇವೆ."

ಜುಲೈಯಲ್ಲಿ ಎರ್ನಾನನ ಸಂಸಾರ ತುಕುಮಾನಿಗೆ ಮರಳಿತು. ಕೇಸು ನಡೆಯುತ್ತಿದೆ, ಎಷ್ಟು ವರ್ಷವೋ ಗೊತ್ತಿಲ್ಲ ಎಂದು ಲುಸಿಯಾ ಬರೆದಿದ್ದಳು. ಎರ್ನಾನ್ ತಾನು ಬೆಳೆದ ಕ್ಲಬ್ಬಿನಲ್ಲಿ ಮಕ್ಕಳಿಗೆ ಚೆಂಡು ಎಸೆಯುವುದನ್ನು ಕಲಿಸುತ್ತಿದ್ದಾನಂತೆ.

ಆಗಸ್ಟಿನ ಒಂದು ರಜಾದಿನ, ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಮನೆಯಲ್ಲಿ ಊಟದ ಹೊತ್ತು. ಅಗಾತಾಳ ಗಂಡ ಯುಜಿನ್ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದವನು ಕೂಗಿದ: "ಅಗಾತಾ, ಬಾ ಇಲ್ಲಿ. ನಿನ್ನ ಮನುಷ್ಯ ಸಿಕ್ಕಿದ. ನವೆಂಬರ್ 2014ರ ಮ್ಯಾಚ್."

ಅವಳು ಕೈ ಒರೆಸಿಕೊಂಡು ಬಂದು ಕೂತಳು. ರಾಷ್ಟ್ರಗೀತೆ ನಡೆಯುತ್ತಿತ್ತು. ನೀಲಿ-ಬಿಳಿ ಪಟ್ಟಿಯ ಜೆರ್ಸಿ ತೊಟ್ಟು ಸಾಲಾಗಿ ನಿಂತ ಗಂಡಸರು ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ಹಾಡುತ್ತಿದ್ದರು. ಎಡದಿಂದ ಮೂರನೆಯವನು ಎರ್ನಾನ್. ಅವನ ಕೆನ್ನೆ ಒದ್ದೆಯಾಗಿತ್ತು. ಪಕ್ಕದವನ ಭಾರವಾದ ತೋಳು ಅವನ ಕತ್ತಿನ ಮೇಲೇ ಇತ್ತು.

ಆಟ ಶುರುವಾಯಿತು. ಮೊದಲ ಸ್ಕ್ರಮ್. ಎಂಟು ಜನ ಬಗ್ಗಿದರು, ಎದುರಿಗೆ ಎಂಟು ಜನ. ನಡುವೆ ಅವನ ತಲೆ. ರೆಫರಿ ಕೂಗಿದೊಡನೆ ಎರಡೂ ಕಡೆಯವರು ಗೂಳಿಗಳಂತೆ ಡಿಕ್ಕಿ ಹೊಡೆದರು. ಜನ ಹೋ ಎಂದು ಅರಚಿದರು.

ಅಗಾತಾಳ ಎರಡೂ ಕೈ ತಲೆಯೊಂದನ್ನು ಹಿಡಿಯುವಂತೆ ತಾವಾಗಿ ಮುಂದೆ ಚಾಚಿಕೊಂಡವು.

"ಎಂತ ಮಾಡ್ತಿ ನೀನು?" ಎಂದ ಯುಜಿನ್. "ಇದು ಹಳೇದು ಮಾರಾಯ್ತಿ. ಅವನಿಗೆ ಎಂತ ಆಗ್ಲಿಲ್ಲ ಅಂತ ನಿಂಗೆ ಗೊತ್ತುಂಟಲ್ಲ."

"ಗೊತ್ತುಂಟು," ಎಂದಳು. "ನಿಲ್ಲಿಸು."

ಯುಜಿನ್ ಲ್ಯಾಪ್‌ಟಾಪ್ ಮುಚ್ಚಿದ. ಅಗಾತಾ ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.