ಎಡಗಡೆಯ ಹದಿನಾಲ್ಕು ಮಿಲಿಮೀಟರು

ಹದಿನೇಳರ ಸ್ಪ್ಯಾನರು ಕಾಣೆಯಾಗಿ ಎರಡು ದಿನವಾಗಿತ್ತು. ಅದು ಎಲ್ಲಿದೆಯೆಂದು ಈ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಮಹಾಶಯ, ಅಂದರೆ ಮೇಸ್ತ್ರಿ, ಪ್ಯಾಂಟಿನ ಜೇಬಿನ ಮೇಲೆ ಕೈಯಿಟ್ಟುಕೊಂಡು, ಮಗಳ ಜೊತೆಗೂಡಿ ಶೆಡ್ಡಿನ ಮೂಲೆಮೂಲೆಯನ್ನೂ ಹುಡುಕುತ್ತಿದ್ದ.

"ಎಲ್ಲಿ ಹೋಯ್ತಪ್ಪಾ? ಶುಕ್ರವಾರ ಮುಂದಿನ ಬಂಪರ್ ಬಿಚ್ಚುವಾಗ ಇತ್ತಲ್ಲ!"

"ಇಲಿ ಎಳ್ಕೊಂಡು ಹೋಗಿರಬೇಕು."

"ಇಲಿಗೆ ಹದಿನೇಳರದ್ದು ಯಾಕಪ್ಪಾ? ಹತ್ತರದ್ದು ಸಾಕಾಗಿತ್ತು," ಎಂದು ಮಗಳು ಸ್ಟೂಲಿನಿಂದ ಎದ್ದಳು. "ಇರು, ಸೈಕಲ್ ಅಂಗಡಿಯವರ ಹತ್ರ ಇಸ್ಕೊಂಡು ಬರ್ತೀನಿ."

ಅವಳು ಗೇಟು ದಾಟಿದ್ದೇ ಮೇಸ್ತ್ರಿ ಕಾರಿನ ಹಿಂಬದಿಗೆ ಹೋಗಿ ನಿಂತ. ನಲವತ್ತು ವರ್ಷ ಗಾಡಿಗಳ ಡೆಂಟು ತೆಗೆದ ಕೈ ಅವನದು. ಮೇಸ್ತ್ರಿ ಮುಟ್ಟಿದ ಗಾಡಿ ಎಲ್ಲಿ ಗುದ್ದಿತ್ತೆಂದು ಗುದ್ದಿದವನಿಗೇ ಗೊತ್ತಾಗುವುದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಆದರೆ ಅವನ ಸ್ವಂತ ಕಾರು, ಹರೆಯದಲ್ಲಿ ಗುಜರಿಯಿಂದ ತಂದು ಮೂರು ವರ್ಷ ಕೂತು ಎಬ್ಬಿಸಿದ ಈ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಹಿಂದೂ ಮುಂದೂ ಎರಡು ದಪ್ಪ ಕಪ್ಪು ರಬ್ಬರ್ ಬಂಪರು ಹೊತ್ತುಕೊಂಡು ಮೊನ್ನೆ ಶುಕ್ರವಾರದವರೆಗೂ ಹತ್ತೊಂಬತ್ತು ವರ್ಷ ನಿಂತಿತ್ತು. ಚೆಲುವೆಗೆ ಗಡ್ಡ ಅಂಟಿಸಿದ ಹಾಗೆ ಕಾಣುತ್ತಿತ್ತು. ಯಾರಾದರೂ ಕೇಳಿದರೆ "ರಬ್ಬರ್ ಆದ್ರೆ ಗಟ್ಟಿ" ಎನ್ನುತ್ತಿದ್ದ. ಗಟ್ಟಿಯೇನೋ ಹೌದು. ಅದರ ನಿಜವಾದ ಗುಣವೆಂದರೆ, ಅದರ ಹಿಂದೆ ಏನಿದೆಯೆಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ವೆಲ್ಡಿಂಗಿನ ಬೆಳಕು ಹೊಡೆದು ಮೇಸ್ತ್ರಿಯ ಕಣ್ಣೆರಡೂ ಊದಿಕೊಂಡಿದ್ದವು. ಎರಡು ದಿನ ಸ್ಟಿಯರಿಂಗ್ ಮುಟ್ಟಿದರೆ ನೋಡಿ ಎಂದು ಹೆಂಡತಿ ಕಟ್ಟುನಿಟ್ಟಾಗಿ ಹೇಳಿದ್ದಳು. ಮೇಸ್ತ್ರಿ ಮುಟ್ಟಿದ. ರಾತ್ರಿ ಹೊರಗೆ ನಿಂತಿದ್ದ ಕಾರನ್ನು ಹಿಮ್ಮುಖವಾಗಿ ಶೆಡ್ಡಿಗೆ ತರುವಾಗ ಶೆಡ್ಡಿನ ಹಸಿರು ಕಬ್ಬಿಣದ ಕಂಬಕ್ಕೆ ಎಡಗಡೆಯನ್ನು ಸರಿಯಾಗಿ ಗುದ್ದಿದ. ಅದೇ ಸಂಜೆ ಮೇಸ್ತ್ರಿಯ ತಮ್ಮ ಆ ಕಾರು ಓಡಿಸಿಕೊಂಡು ಹೋಗಿ ಬಂದಿದ್ದ. ಬೆಳಗ್ಗೆ ಹೆಂಡತಿ ಬಂದು, "ಯಾರ್ರೀ ಮಾಡಿದ್ದು ಇದನ್ನ?" ಎಂದು ಕೇಳಿದಾಗ ಮೇಸ್ತ್ರಿಯ ಬಾಯಿಂದ ಒಂದು ಮಾತು ಜಾರಿತು: "ಇನ್ಯಾರು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಆಣೆಯಿಟ್ಟ, ಅತ್ತ. ಹೆಂಡತಿಗೆ ಸಿಟ್ಟು ಬಂದದ್ದು ಡೆಂಟಿಗಲ್ಲ, ಮಗನ ಹಾಗೆ ಸಾಕಿದ ಮೈದುನ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಿದ್ದಾನಲ್ಲ ಎಂದು. "ನಿಜ ಒಪ್ಕೊಳ್ಳೋವರೆಗೂ ಈ ಹೊಸ್ತಿಲು ತುಳೀಬೇಡ," ಎಂದು ಬಾಗಿಲು ಹಾಕಿದಳು. ಇಲ್ಲದ ನಿಜವನ್ನು ಅವನೆಲ್ಲಿಂದ ತಂದಾನು? ಒಂದು ಚೀಲ, ಕಾರಿನಿಂದ ಬಿಚ್ಚಿಟ್ಟಿದ್ದ ಜಜ್ಜಿಹೋದ ಹಿಂದಿನ ಕ್ರೋಮ್ ಬಂಪರು ಎತ್ತಿಕೊಂಡು ಹೊರಟುಹೋದ. ಮೇಸ್ತ್ರಿ ಯಾರೂ ಹತ್ತಿರ ಬಂದು ನೋಡುವ ಮೊದಲೇ ತಗಡನ್ನು ಅರ್ಧಂಬರ್ಧ ಹೊರಗೆಳೆದು, ಉಳಿದದ್ದನ್ನು ಪುಟ್ಟಿ ಮೆತ್ತಿ ಸಪಾಟು ಮಾಡಿ, ಮೇಲೆ ರಬ್ಬರ್ ಬಂಪರು ಕೂರಿಸಿದ; ಜೋಡಿ ಹೊಂದಲೆಂದು ಮುಂದೂ ಒಂದು ಹಾಕಿದ. ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ತಲೆ ನರೆಯಿತು.

ಈಗ ಮಗಳ ಸರದಿ. ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ ಅವಳದು. ಕೆಲಸದ ಮೇಲೆ ಯಾವುದೋ ಊರಿನ ಕ್ರೋಮ್ ಹಾಕುವ ಅಂಗಡಿಗೆ ಹೋದರೆ, ಅದರ ಯಜಮಾನ ಅವಳ ಚಿಕ್ಕಪ್ಪ! ಅವನು ಆ ಹಳೇ ಬಂಪರನ್ನು ನೆಟ್ಟಗೆ ಮಾಡಿ, ಹೊಸ ಕ್ರೋಮ್ ಹಾಕಿ, ಜೊತೆಗೆ ಮುಂದಿನದನ್ನೂ ಮಾಡಿ ಕಳಿಸಿದ್ದ. "ಪಾಪ, ತಪ್ಪು ತಿದ್ಕೊಂಡಿದ್ದಾರಮ್ಮಾ," ಎಂದು ಮಗಳು ವಾರಗಟ್ಟಲೆ ಅಮ್ಮನ ಬೆನ್ನು ಹತ್ತಿದ್ದಳು. ಕೊನೆಗೆ ಅವಳಮ್ಮ ಒಂದು ಮಾತು ಕೊಟ್ಟಿದ್ದಳು: "ಆ ಬಂಪರ್ ನೆಟ್ಟಗೆ ಕೂತ್ರೆ ಅವನೂ ಬಂದು ಕೂತ್ಕೊಳ್ಳಲಿ."

ಕೂರುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಅದಕ್ಕೇ ಸ್ಪ್ಯಾನರು ಜೇಬು ಸೇರಿತ್ತು.

ಮಗಳು ಸ್ಪ್ಯಾನರಿನ ಜೊತೆ ಒಂದು ಉದ್ದ ಪೈಪನ್ನೂ ಹಿಡಿದು ಬಂದಳು. ನಾಲ್ಕು ಬೋಲ್ಟು. ತುಕ್ಕಿಗೆ ಎಣ್ಣೆ ಬಿಟ್ಟು, ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ ಒತ್ತಿದಳು. ಮೊದಲನೆಯದು ಕಿರ್ರೆಂದು ಬಿಟ್ಟಿತು.

"ನಿಧಾನ, ತುಂಡಾಗುತ್ತೆ," ಎಂದ ಮೇಸ್ತ್ರಿ. ತುಂಡಾದರೆ ಸಾಕಪ್ಪಾ ಎಂದು ಮನಸ್ಸು ಕೈಮುಗಿಯುತ್ತಿತ್ತು.

ಎರಡನೆಯದು ಬಿಟ್ಟಿತು. ಮೂರನೆಯದಕ್ಕೆ ಇಬ್ಬರೂ ಪೈಪಿನ ಮೇಲೆ ಭಾರ ಹಾಕಬೇಕಾಯಿತು; ಮೇಸ್ತ್ರಿ ಹಾಕಿದಂತೆ ನಟಿಸಿದ, ಆದರೂ ಬಿಟ್ಟಿತು. ನಾಲ್ಕನೆಯದು ಬೆರಳಲ್ಲೇ ತಿರುಗಿತು. ರಬ್ಬರ್ ಬಂಪರು ಧೊಪ್ಪೆಂದು ನೆಲಕ್ಕೆ ಬಿತ್ತು.

ಮಗಳು ಬಗ್ಗಿ, ಹಿಂಬದಿಯ ತಗಡಿನ ಮೇಲೆ ಅಂಗೈ ಸವರಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಮೇಸ್ತ್ರಿಯ ಕೈ ಜೇಬಿಗೆ ಹೋಯಿತು.

"ಅಪ್ಪಾ, ಚಿಕ್ಕಪ್ಪ ಗುದ್ದಿದ್ದು ಇಲ್ಲೇ ತಾನೆ? ಗೊತ್ತೇ ಆಗಲ್ವಲ್ಲ! ಎಂಥ ಕೈ ನಿಂದು!"

ಹೋದ ಜೀವ ಬಂದಂತಾಯಿತು.

ಹಳೇ ಬೆಡ್‌ಶೀಟು ಬಿಚ್ಚಿ ಇಬ್ಬರೂ ಕ್ರೋಮ್ ಬಂಪರನ್ನು ಎತ್ತಿದರು. ತೆಳ್ಳಗೆ, ಥಳಥಳ ಹೊಳೆಯುತ್ತಿತ್ತು. ಒಂದು ಸುಕ್ಕಿಲ್ಲ. ತಮ್ಮ ಅದೆಷ್ಟು ದಿನ ಕೂತು ಬಡಿದನೋ ಎಂದುಕೊಂಡ ಮೇಸ್ತ್ರಿ. ಬಲಗಡೆಯ ಬೋಲ್ಟು ಸಲೀಸಾಗಿ ಹೋಯಿತು. ಎಡಗಡೆ ತೂತಿಗೆ ತೂತು ಸೇರಲಿಲ್ಲ. ಮಗಳು ಬಿಚ್ಚಿ ಮತ್ತೆ ಕೂರಿಸಿದಳು, ಮೂರನೇ ಸಲವೂ ಕೂರಿಸಿದಳು. ಬಲಗಡೆ ಕಾಗದ ತೂರಲು ಜಾಗವಿಲ್ಲ, ಎಡಗಡೆ ಹೆಬ್ಬೆರಳು ಆಡುತ್ತದೆ. ಸ್ಟೀಲ್ ಸ್ಕೇಲು ಇಟ್ಟು ನೋಡಿದಳು.

"ಹದಿನಾಲ್ಕು ಮಿಲಿಮೀಟರ್. ಅಯ್ಯೋ, ಚಿಕ್ಕಪ್ಪನ ಅಳತೆ ತಪ್ಪಿದೆಯಪ್ಪಾ."

"ಕಾರೇ ಏನಾದ್ರೂ..." ಎಂದು ಮೇಸ್ತ್ರಿ ಬಾಯಿ ತೆರೆದ.

"ಸುಮ್ನಿರಪ್ಪಾ. ನಿನ್ನ ಕೈ ತಪ್ಪುತ್ತಾ?"

ಟೀ ತಟ್ಟೆ ಹಿಡಿದು ಬಂದ ಹೆಂಡತಿ ಶೆಡ್ಡಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಹದಿನಾಲ್ಕು ಮಿಲಿಮೀಟರಿನ ಸಂದನ್ನು ಕಣ್ಣಲ್ಲೇ ಅಳೆದಳು. "ನಾನು ಹೇಳಲಿಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಫೋನ್ ಮಾಡಿ ನೋಡು, ಕಾರೇ ಡೊಂಕು ಅಂತಾನೆ."

ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

ಮಗಳು ಸೋಲುವವಳಲ್ಲ. ಬಂಪರಿನ ಎಡ ತುದಿಗೆ ಬಟ್ಟೆ ಸುತ್ತಿ, ಮೇಜಿಗೆ ಬಿಗಿದಿದ್ದ ವೈಸಿನ ದವಡೆಗೆ ಕಚ್ಚಿಸಿದಳು. ಸ್ವಲ್ಪ ಬಗ್ಗಿಸಿದರೆ ಮುಗಿಯಿತು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಫೋನು. ಸ್ಪೀಕರು ಹಾಕಿ ಡಿಕ್ಕಿಯ ಮೇಲಿಟ್ಟಳು.

"ಹೇಳು ಮಗಾ." ಹತ್ತೊಂಬತ್ತು ವರ್ಷದಲ್ಲಿ ಆ ದನಿ ದಪ್ಪಗಾಗಿತ್ತು. ಮೇಸ್ತ್ರಿ ಕಂಬ ಹಿಡಿದುಕೊಂಡ.

"ಚಿಕ್ಕಪ್ಪಾ, ಎಡಗಡೆ ಕೂರ್ತಿಲ್ಲ. ತುದಿ ಒಂಚೂರು ಬಡಿದು ಬಗ್ಗಿಸಲಾ? ಕ್ರೋಮ್ ತಡೆಯುತ್ತಾ?"

"ತಡೆಯಲ್ಲ. ಬಿರುಕು ಬಿಡುತ್ತೆ. ಅಣ್ಣ ಅಲ್ಲೇ ಇದ್ದಾನಾ?"

"ಇಲ್ಲೇ ಇದ್ದಾನೆ."

"ಏನಂತಾನೆ?"

ಮಗಳು ಅವನ ಕಡೆ ನೋಡಿದಳು. ಹೆಂಡತಿಯೂ ನೋಡಿದಳು. ತಮ್ಮ ಕಾದ. ಅವನು ಕಾಯುತ್ತಿದ್ದಾನೆಂದು ಮೇಸ್ತ್ರಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಆದರೂ ಕಂಬ ಬಿಡಲಿಲ್ಲ, ಬಾಯಿ ಬಿಡಲಿಲ್ಲ.

"ಸರಿ," ಎಂದಿತು ಫೋನು. "ಹಾಗಾದ್ರೆ ನಂದೇ ತಪ್ಪಿರ್ಬೇಕು. ಬಗ್ಗಿಸ್ಕೋ ಮಗಾ."

ಮಗಳು ಸುತ್ತಿಗೆ ಎತ್ತಿದಳು.

ಮೇಸ್ತ್ರಿ ಎರಡೇ ಹೆಜ್ಜೆಗೆ ಹಾರಿ ಅವಳ ಮಣಿಕಟ್ಟು ಹಿಡಿದ. ಹಾರಿದ ರಭಸಕ್ಕೆ ಜೇಬಿನಿಂದ ಹದಿನೇಳರ ಸ್ಪ್ಯಾನರು ಠಣ್ಣೆಂದು ನೆಲಕ್ಕೆ ಬಿತ್ತು. ಮಗಳು ಸ್ಪ್ಯಾನರನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಬಡೀಬೇಡ. ಬಂಪರ್ ನೆಟ್ಟಗಿದೆ, ಕಾರು ಡೊಂಕು. ಗುದ್ದಿದ್ದು ಅವನಲ್ಲ, ನಾನು. ಕಣ್ಣು ಊದಿತ್ತಲ್ಲ, ಆವತ್ತು. ಈ ಕಂಬಕ್ಕೇ ಗುದ್ದಿದ್ದು. ಇವಳು ಕೇಳಿದ್ಲು, ಹೆದರಿಕೆಯಾಯ್ತು, ಅವನ ಮೇಲೆ ಹಾಕಿಬಿಟ್ಟೆ."

ಟೀ ಲೋಟಗಳು ತಟ್ಟೆಯಲ್ಲಿ ಗಲಗಲ ಎಂದವು.

"ಹದಿನಾಲ್ಕು ಮಿಲಿಮೀಟರ್ ಅಲ್ವಾ ಅಣ್ಣಾ?" ಎಂದಿತು ಫೋನು.

ಆ ಲೆಕ್ಕವನ್ನು ಅವನಿಗೆ ಯಾರೂ ಹೇಳಿರಲಿಲ್ಲ.

"ಚಿಕ್ಕಪ್ಪಾ, ನಿಮಗೆ ಗೊತ್ತಿತ್ತಾ?"

"ಬಂಪರ್ ಮೇಲೆ ಕಂಬದ ಮೂಲೆ ಅಚ್ಚೊತ್ತಿತ್ತು ಮಗಾ, ಹದಿನಾಲ್ಕು ಮಿಲಿಮೀಟರ್ ಆಳ. ಹಸಿರು ಬಣ್ಣಾನೂ ಹತ್ತಿತ್ತು. ಅದನ್ನ ಹತ್ತೊಂಬತ್ತು ವರ್ಷ ಗೋಡೆಗೆ ನೇತು ಹಾಕಿದ್ದೆ. ತೋರಿಸಿ ಮಾತಾಡಬಹುದಿತ್ತು, ಆದ್ರೆ ಅಣ್ಣ ಸುಳ್ಳುಗಾರ ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ? ಈಗ ವಯಸ್ಸಾಯ್ತು. ನೆಟ್ಟಗೆ ಮಾಡಿ ಕಳಿಸೋಣ, ಈ ಸಲವಾದ್ರೂ ಅವನೇ ಹೇಳ್ತಾನೇನೋ ನೋಡೋಣ ಅಂತ." ದನಿ ತಡವರಿಸಿತು. "ಅತ್ತಿಗೆ ಇದ್ದಾರಾ ಅಲ್ಲಿ?"

ಹೆಂಡತಿ ತಟ್ಟೆಯನ್ನು ಕಾರಿನ ಮೇಲಿಟ್ಟಳು. ಲೋಟದಿಂದ ಟೀ ಚೆಲ್ಲಿ ಬಣ್ಣದ ಮೇಲೆ ಹರಿಯಿತು, ಯಾರೂ ಒರೆಸಲಿಲ್ಲ. ಫೋನು ತೆಗೆದುಕೊಂಡು ಮಗಳ ಮುಂದೆ ಹಿಡಿದಳು. "ಈ ಸ್ಪೀಕರ್ ಆರಿಸಿಕೊಡು."

ಮಗಳು ಆರಿಸಿದಳು. ಹೆಂಡತಿ ಕಿವಿಗಿಟ್ಟುಕೊಂಡು, "ನಾನು ಕಣೋ," ಎಂದಳು. ಗಂಡನ ಪಕ್ಕದಿಂದಲೇ, ಅವನು ಶೆಡ್ಡಿನ ಇನ್ನೊಂದು ಕಂಬವೋ ಎಂಬಂತೆ ಹಾದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಹತ್ತೊಂಬತ್ತು ವರ್ಷದ ಹಿಂದೆ ತಮ್ಮನ ಮುಖಕ್ಕೆ ಬಿದ್ದದ್ದು ಇದೇ ಚಿಲಕ. ಇವತ್ತು ಅವನ ದನಿ ಮನೆಯೊಳಗಿತ್ತು, ಮೇಸ್ತ್ರಿ ಹೊರಗಿದ್ದ.

ಮಗಳು ಅಪ್ಪನ ಮುಖ ನೋಡದೆ ವೈಸು ಸಡಿಲಿಸಿ, ಬಂಪರಿಗೆ ಬೆಡ್‌ಶೀಟು ಸುತ್ತಿ ಗೋಡೆಗೆ ಒರಗಿಸಿದಳು.

"ಎಡಗಡೆ ತಗಡು ಕತ್ತರಿಸಿ ಹೊಸದು ಹಾಕ್ಬೇಕು."

"ಹೂಂ."

"ಬಣ್ಣ ನೀನೇ ಕೆರಿ. ನಾನು ಮುಟ್ಟಲ್ಲ."

ಮೇಸ್ತ್ರಿ ಕೆರೆಯುವ ತಗಡು ಹಿಡಿದು ಮಂಡಿಯೂರಿ ಕೂತ. ಕೆಂಪು ಬಣ್ಣ ಸುರುಳಿ ಸುರುಳಿಯಾಗಿ ಕಿತ್ತುಬಂತು. ಅದರಡಿಯಲ್ಲಿ ಬೂದು ಪುಟ್ಟಿ, ಬೆರಳು ದಪ್ಪ. ಒಳಗಿನಿಂದ ಹೆಂಡತಿಯ ಅಳು ಕೇಳುತ್ತಿತ್ತು, ನಡುನಡುವೆ ಬೈಗುಳವೂ ಕೇಳುತ್ತಿತ್ತು. ಬೈಗುಳ ತನಗೇ ಇರಬೇಕೆಂದು ಅವನಿಗೆ ಗೊತ್ತಿತ್ತು. ಒಂದೆರಡು ಸಲ ಬಾಗಿಲ ಕಡೆ ನೋಡಿದ. ಎದ್ದು ಹೋಗಿ ತಟ್ಟುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಕೆರೆಯುತ್ತಲೇ ಇದ್ದ.