ಗ್ಲೆನ್ ಫೀಲಿನ್‌ನ ಊಟದ ಜಾಗ

ಇಶ್ಬೆಲ್ ಕೈಯಲ್ಲಿದ್ದ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಎಂಟು ಮಂದಿ ಮ್ಯಾಕ್‌ಆರ್ಡಲ್‌ಗಳು. ಹುಟ್ಟಿನಿಂದಲೋ ಮದುವೆಯಿಂದಲೋ, ಅಂತೂ ಮ್ಯಾಕ್‌ಆರ್ಡಲ್‌ಗಳು. ಒಂಬತ್ತನೆಯ ಹೆಸರು ಮಾತ್ರ ಹಿಲ್ಡಾ ಟರ್ನ್‌ಬುಲ್. ಮ್ಯಾಕ್‌ಆರ್ಡಲ್ ಕುಲದ ಹಿರಿಯರ ನೆಲ ನೋಡುವ ಪ್ರವಾಸದಲ್ಲಿ ಟರ್ನ್‌ಬುಲ್ ಮನೆತನದವಳಿಗೆ ಏನು ಕೆಲಸ? ಅದು ದಕ್ಷಿಣದ ಗಡಿನಾಡಿನ ಹೆಸರು. ಆ ಕಡೆಯವರು ಈ ಗ್ಲೆನ್ ಫೀಲಿನ್ ಕಣಿವೆಗೆ ಬಂದದ್ದು ಒಂದೇ ಸಲ, ಅದೂ ಕುರಿಗಳ ಹಿಂದೆ ಹಿಂದೆ.

ಹದಿನೈದು ವರ್ಷದಿಂದ ಇಶ್ಬೆಲ್ ಈ ಮಿನಿಬಸ್ ಓಡಿಸುತ್ತಾಳೆ, ಓಡಿಸುತ್ತಲೇ ಕಥೆ ಹೇಳುತ್ತಾಳೆ. ಡೂಗಲ್ ಮಾವ ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟ ದಿನ, ಬಸ್ಸಿನ ಕೀಲಿಯ ಜೊತೆಗೆ ಕಥೆಯನ್ನೂ ಅವಳಿಗೆ ಒಪ್ಪಿಸಿದ್ದ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಿಸಬೇಕು, ಎಲ್ಲಿ ಅಳಿಸಬೇಕು ಎಲ್ಲವೂ ಅವನೇ ಹಾಕಿಕೊಟ್ಟ ಲೆಕ್ಕ. ಅವಳ ಸ್ವಂತದ್ದು ಎಂದರೆ ಕುತೂಹಲ ಒಂದೇ. ಯಾರ ಅತ್ತೆಗೆ ಎಷ್ಟನೆಯ ಗಂಡ ಎಂಬುದು ಮೊದಲ ತಿರುವಿನೊಳಗೆ ಗೊತ್ತಾಗದಿದ್ದರೆ ಅವಳಿಗೆ ದಿನವಿಡೀ ಸಮಾಧಾನವಿರುತ್ತಿರಲಿಲ್ಲ.

ಹಿಲ್ಡಾ ಹಿಂದಿನ ಸೀಟಿನ ಮೂಲೆಯಲ್ಲಿ ಕೂತಿದ್ದಳು. ಅರವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ತೊಡೆಯ ಮೇಲೆ ದಪ್ಪ ಬಟ್ಟೆಯ ಚೀಲ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಚೀಲದೊಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದಾಗುತ್ತಿತ್ತು. ಮೇಲಿಡಿ ಅಂದರೆ "ಪರವಾಗಿಲ್ಲ" ಅಂದಳು. ಭಾರ ಇದೆಯಾ ಅಂದರೆ "ಇದೆ" ಅಂದಳು. ಅಲ್ಲಿಗೆ ಮುಗಿಯಿತು. ಇಶ್ಬೆಲ್‌ಗೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಾಯಿತು.

ಮುಂದಿನ ಸೀಟಿನಲ್ಲಿದ್ದ ಎವನ್ ಮ್ಯಾಕ್‌ಆರ್ಡಲ್ ಇದಕ್ಕೆ ತದ್ವಿರುದ್ಧ. ಎಂಬತ್ತಮೂರು ವರ್ಷದ, ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರದ ಮುದುಕ. ಕೆನಡಾದ ಕೇಪ್ ಬ್ರೆಟನ್‌ನವನು. ಐದು ನಿಮಿಷದಲ್ಲಿ ತನ್ನ ಹೃದಯದ ಆಪರೇಷನ್ನಿಂದ ಹಿಡಿದು ನೆರೆಮನೆಯ ನಾಯಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

"ವಿಮಾನ ಹತ್ತಬೇಡ ಅಂದಿದ್ದಾರೆ ಡಾಕ್ಟ್ರು. ಮಗಳಿಗೆ ನಮ್ಮ ಕಡೆಯ ಹಾಲಿಫ್ಯಾಕ್ಸ್ ಪೇಟೆಗೆ ಹೋಗಿ ಬರ್ತೀನಿ ಅಂತ ಸುಳ್ಳು ಹೇಳಿ ಬಂದೆ," ಅಂದ.

"ಗೊತ್ತಾದ್ರೆ?"

"ಗೊತ್ತಾಗೋ ಹೊತ್ತಿಗೆ ಕಲ್ಲು ನನ್ನ ಜೇಬಲ್ಲಿರತ್ತೆ. ಆಮೇಲೆ ಬೈಕೊಳ್ಳಲಿ."

ಅವನು ಬಂದದ್ದು ಆ ಒಂದು ಕಲ್ಲಿಗಾಗಿ. ಹೆಂಡತಿ ಜೆಸ್ಸಿ ತೀರಿಕೊಂಡು ಎರಡು ವರ್ಷ. ಇಬ್ಬರಿಗೂ ಸೇರಿ ನಿಲ್ಲಿಸಿದ ಸಮಾಧಿ ಕಲ್ಲಿನಲ್ಲಿ, ಅವಳ ಹೆಸರಿನ ಕೆಳಗೆ, ಮುಷ್ಟಿಯಷ್ಟು ಗುಳಿ ಕೊರೆಸಿದ್ದ. ನೀಲ್ ಮ್ಯಾಕ್‌ಆರ್ಡಲ್‌ನ ಮನೆಯ ಒಲೆಯ ಕಲ್ಲೊಂದನ್ನು ತಂದು ಅಲ್ಲಿ ಕೂರಿಸುತ್ತೇನೆ ಎಂದು ಜೆಸ್ಸಿ ಬದುಕಿದ್ದಾಗಲೇ ಮಾತು ಕೊಟ್ಟಿದ್ದ. ಇನ್ನೊಂದು ಸಲ ಬರುವ ಶಕ್ತಿ ತನಗಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಈ ನೀಲ್ ಎಂದರೆ ಬಸ್ಸಿನಲ್ಲಿದ್ದ ಅಷ್ಟೂ ಮ್ಯಾಕ್‌ಆರ್ಡಲ್‌ಗಳ ಮೂಲಪುರುಷ. ಇನ್ನೂರು ವರ್ಷದ ಹಿಂದೆ ಕಣಿವೆಯ ತುದಿಯಲ್ಲಿದ್ದದ್ದು ಅವನದೊಂದೇ ಮನೆ. ಕುಲದ ದೊರೆಯೇ ಅವನನ್ನು ಒಕ್ಕಲೆಬ್ಬಿಸಿ, ಮಾಡಿಗೆ ಬೆಂಕಿ ಇಡಿಸಿ, ನೆಲವನ್ನು ಕುರಿಗಳಿಗೆ ಬಿಟ್ಟ. ನೀಲ್‌ನ ಏಳು ಮಕ್ಕಳು ಹಡಗು ಹತ್ತಿದರು. ಈಗ ಅವರ ಸಂತಾನ ಬೇಸಿಗೆ ಬಂದರೆ ಕ್ಯಾಮೆರಾ ಹಿಡಿದು ವಾಪಸು ಬರುತ್ತದೆ.

ಬೆಳಿಗ್ಗೆ ಮೊದಲು ಕೋಟೆ. ಇಶ್ಬೆಲ್ ಮೂರು ಯುದ್ಧ, ಒಂದು ವಿಷಪ್ರಾಶನ, ಒಂದು ಓಡಿಹೋದ ಮದುಮಗಳ ಕಥೆ ಹೇಳಿದಳು. ಎಲ್ಲರೂ ಬಾಯಿ ತೆರೆದು ಕೇಳಿದರು.

"ಒಂದು ಕೇಳ್ಲಾ?" ಅಂದಳು ಹಿಲ್ಡಾ. "ಕಣಿವೆ ತುದಿಯ ಮನೆಯವರು ನೀರು ಎಲ್ಲಿಂದ ತರ್ತಿದ್ರು?"

ಹದಿನೈದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಹಳ್ಳದಿಂದ ಇರಬೇಕು," ಅಂದಳು ಇಶ್ಬೆಲ್.

"ಮನೆಯಿಂದ ಹಳ್ಳ ಸ್ವಲ್ಪ ದೂರ ಅಲ್ವಾ?"

ಹೌದಲ್ಲ, ದೂರವೇ. ಆದರೆ ಅಲ್ಲಿಗೆ ಎಂದೂ ಬರದ ಇವಳಿಗೆ ಅದು ಹೇಗೆ ಗೊತ್ತು?

ಆಮೇಲೆ ಹಳೆಯ ಮನೆಯ ಮಾದರಿ ಕಟ್ಟಿಟ್ಟಿರುವ ಮ್ಯೂಸಿಯಂ. ಇಲ್ಲಿ ಇಶ್ಬೆಲ್ ತನ್ನ ಎಂದಿನ ಮಾತು ಹೇಳಿದಳು: ನೀಲ್‌ನ ಕಾಲದಲ್ಲಿ ಒಲೆ ಇರುತ್ತಿದ್ದದ್ದು ನೆಲದ ನಟ್ಟನಡುವೆ, ಮಾಡಿನ ತೊಲೆಯಿಂದ ಇಳಿಬಿಟ್ಟ ಸರಪಳಿಗೆ ಗಡಿಗೆ ತೂಗುತ್ತಿತ್ತು, ಹೊಗೆ ಹುಲ್ಲಿನ ಸಂದಿಯಿಂದ ತನಗೆ ಬೇಕಾದಾಗ ಹೋಗುತ್ತಿತ್ತು. "ಹೊಗೆ ಕುಡಿದೇ ನಮ್ಮೋರು ಇಷ್ಟು ಗಟ್ಟಿ ಆಗಿರೋದು," ಅಂದಾಗ ಎಲ್ಲರೂ ನಕ್ಕರು. ಹಿಲ್ಡಾ ನಗಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ಆ ಸರಪಳಿಯನ್ನು ಗೇಣಿನಿಂದ ಅಳೆಯುತ್ತಿದ್ದಳು. ಬಾಗಿಲ ಮರೆಯಿಂದ ಇಶ್ಬೆಲ್ ಅದನ್ನು ನೋಡಿದಳು. ಕದ್ದು ನೋಡಿದಳು ಎಂದರೂ ಸುಳ್ಳಲ್ಲ.

ಕಣಿವೆಯ ತುದಿ ತಲುಪಿದಾಗ ಹನ್ನೆರಡು ದಾಟಿತ್ತು. ಇಶ್ಬೆಲ್ ವಾಡಿಕೆಯಂತೆ ಮೊದಲು ಊಟದ ಬುಟ್ಟಿಯನ್ನು ಹಳ್ಳದ ಹತ್ತಿರದ ತಗ್ಗಿನಲ್ಲಿ ಇಟ್ಟು ಬಂದಳು. ಅಲ್ಲಿ ಸುತ್ತಲೂ ಮೊಣಕಾಲೆತ್ತರದ ಕಲ್ಲುಸಾಲು, ಎದುರುಬದುರು ಎರಡು ಕಡೆ ಮಾತ್ರ ತೆರಪು. ಕೂರಲು ಹೇಳಿ ಮಾಡಿಸಿದ ಹಾಗೆ. ನಡುವೆ ಬುಟ್ಟಿ ಇಡಲು ಚಪ್ಪಟೆ ಕಲ್ಲು. ಹಳೆಯ ಕುರಿದೊಡ್ಡಿ ಎಂದು ಡೂಗಲ್ ಮಾವ ಹೇಳಿದ್ದ. ಸುತ್ತ ಬೆಳೆಯುವ ತುರಿಕೆ ಗಿಡಗಳನ್ನು ಪ್ರತಿ ಮೇ ತಿಂಗಳಲ್ಲೂ ಅವಳೇ ಸವರುತ್ತಿದ್ದಳು.

ಆಮೇಲೆ ಜನರನ್ನು ದಿಬ್ಬ ಹತ್ತಿಸಿ ಮನೆಗೆ ಕರೆದೊಯ್ದಳು. ಮಾಡು ಇಲ್ಲ, ಆದರೆ ನಾಲ್ಕೂ ಗೋಡೆ ನಿಂತಿವೆ. ಪಕ್ಕದ ಗೋಡೆಯೊಳಗೆ ಒಲೆ, ಅದರ ಮೇಲೆ ಹೊಗೆಗೂಡು. ಚಿತ್ರದಲ್ಲಿ ಚೆನ್ನಾಗಿ ಬರುತ್ತದೆ. ಇಶ್ಬೆಲ್ ದನಿ ತಗ್ಗಿಸಿ ಹೇಳಿದಳು, "ನೀಲ್ ಮ್ಯಾಕ್‌ಆರ್ಡಲ್‌ನ ಮನೆ ಇದೇ. ಈ ಒಲೆ ಮುಂದೇನೇ ಏಳೂ ಮಕ್ಕಳು ಬೆಳೆದದ್ದು." ಗುಂಪಿನಲ್ಲಿದ್ದ ಆಸ್ಟ್ರೇಲಿಯಾದ ಇಬ್ಬರು ಅಕ್ಕತಂಗಿಯರು ಕರವಸ್ತ್ರ ತೆಗೆದರು. ಎವನ್ ಅಜ್ಜ ಟೋಪಿ ತೆಗೆದು, ಕಷ್ಟಪಟ್ಟು ಮೊಣಕಾಲೂರಿ, ಒಲೆಯ ಅಂಚಿನಿಂದ ಮುಷ್ಟಿಗಾತ್ರದ ಕಲ್ಲೊಂದನ್ನು ಬಿಡಿಸಿಕೊಂಡ. ಅದನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

"ದಯವಿಟ್ಟು ಅದನ್ನ ತಗೊಂಡು ಹೋಗಬೇಡಿ," ಅಂದಳು ಹಿಲ್ಡಾ.

ಎಲ್ಲರೂ ತಿರುಗಿದರು. ಹಿಲ್ಡಾಳ ಮುಖ ಕೆಂಪಾಗಿತ್ತು.

"ಸುಮ್ಮನೆ ನೋಡ್ಕೊಂಡು ಹೋಗೋಣ ಅಂತಿದ್ದೆ. ಆದ್ರೆ ಇವರು ಸಮಾಧಿಗೆ ಇಡ್ತಾರಂತೆ. ನಂಗೆ ಸುಮ್ಮನಿರಕ್ಕಾಗಲ್ಲ. ಇದು ನೀಲ್ ಮನೆ ಅಲ್ಲ. ಇದು ನಮ್ಮನೆ."

"ನಿಮ್ಮನೆ ಅಂದ್ರೆ?" ಅಂದಳು ಇಶ್ಬೆಲ್.

"ಆಡಮ್ ರೆನ್ವಿಕ್ ಅಂತ, ಕುರಿ ಕಾಯಕ್ಕೆ ಬಂದೋನು. ನೀಲ್‌ನ ಎಬ್ಬಿಸಿದ ಮೇಲೆ ಅವನಿಗೆ ಇಲ್ಲಿ ಮನೆ ಕಟ್ಟಿಕೊಟ್ರು. ನಮ್ಮಜ್ಜಿಯ ಅಜ್ಜಿ ಅವನ ಮಗಳು. ಹುಟ್ಟಿದ್ದು ಇದೇ ಒಲೆ ಮುಂದೆ."

ಇಶ್ಬೆಲ್ ವಾದಕ್ಕೆ ಬಾಯಿ ತೆರೆದಳು. ಆಗ ಕಣ್ಣು ಒಲೆಯ ಮೇಲೆ ಬಿತ್ತು. ಒಲೆ ಗೋಡೆಯೊಳಗಿತ್ತು. ಗೋಡೆಯೊಳಗೆ. ನೀಲ್‌ನ ಕಾಲದಲ್ಲಿ ಒಲೆ ನೆಲದ ನಡುವೆ ಇರುತ್ತಿತ್ತು ಎಂದು ಎರಡು ಗಂಟೆಯ ಹಿಂದೆ ಹೇಳಿ ಜನರನ್ನು ನಗಿಸಿದವಳು ತಾನೇ. ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ತೋರಿಸುತ್ತ ಹದಿನೈದು ವರ್ಷ ಕಳೆದಿದ್ದಳು. ಒಮ್ಮೆಯಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಊರವರ ಅತ್ತೆಮಾವಂದಿರನ್ನೆಲ್ಲ ವಿಚಾರಿಸಿಕೊಳ್ಳುವ ತನ್ನ ಕುತೂಹಲ ಇಲ್ಲಿ ಯಾಕೆ ಮಲಗಿತ್ತೋ.

ಹಿಲ್ಡಾ ಚೀಲ ಬಿಚ್ಚಿದಳು. ಒಳಗಿದ್ದದ್ದು ಸರಪಳಿ, ಕಪ್ಪು, ಆಳುದ್ದಕ್ಕೂ ಮಿಕ್ಕಿದ್ದು, ತುದಿಗೆ ಕೊಕ್ಕೆ.

"ಆಡಮ್ ಬಂದಾಗ ಹಳೇ ಮನೆ ಬೂದಿ ಆಗಿತ್ತಂತೆ. ಬೂದಿಯಲ್ಲಿ ಇದು ಸಿಕ್ತು. ಅವನ ಹೆಂಡ್ತಿ ಈ ಒಲೆಗೆ ಹಾಕಕ್ಕೆ ನೋಡಿದ್ಲು, ತೀರಾ ಉದ್ದ ಆಯ್ತು. ಅರ್ಧ ಕತ್ತರಿಸು ಅಂದ ಗಂಡ. ಕಂಡೋರ ಮನೆ ಒಲೆ ಸರಪಳಿ ಕತ್ತರಿಸಕ್ಕೆ ನಂಗೆ ಕೈ ಬರಲ್ಲ ಅಂದ್ಲಂತೆ. ನಮ್ಮೋರು ದಕ್ಷಿಣಕ್ಕೆ ವಾಪಸ್ ಹೋದಾಗ್ಲೂ ಜೊತೆಗೆ ಹೋಯ್ತು. ಯಾರೂ ಬಳಸ್ಲಿಲ್ಲ, ಯಾರೂ ಮಾರ್ಲಿಲ್ಲ. ನಂಗೆ ಮಕ್ಕಳಿಲ್ಲ. ನನ್ನ ನಂತರ ಗುಜರಿಗೆ ಹೋಗತ್ತೆ. ಅದಕ್ಕೇ ಅದರ ಜಾಗದಲ್ಲೇ ಬಿಟ್ಟು ಹೋಗೋಣ ಅಂತ ತಂದೆ."

ಎವನ್ ಅಜ್ಜ ಕೈಯಲ್ಲಿದ್ದ ಕಲ್ಲನ್ನು ನೋಡಿದ. "ನಮ್ಮೂರ ಕಡೆ ಆಂಟಿಗೊನಿಶ್‌ನಲ್ಲಿ ನಮ್ಮ ಕಸಿನ್ ಒಬ್ಬಳಿದ್ದಾಳೆ," ಅಂದ. "ಇಲ್ಲಿಂದ ತಗೊಂಡು ಹೋದ ಕಲ್ಲನ್ನ ಪಿಯಾನೋ ಮೇಲೆ ಇಟ್ಟು ದಿನಾ ಒರೆಸ್ತಾಳೆ."

"ನಮ್ಮ ಗೋಡೆ ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು," ಅಂದಳು ಹಿಲ್ಡಾ.

ಅಜ್ಜ ನಕ್ಕುಬಿಟ್ಟ. ಕಲ್ಲನ್ನು ಅವಳ ಅಂಗೈಯಲ್ಲಿ ಇಟ್ಟ. "ತಗೊಳ್ಳಿ, ನಿಮ್ದು. ಹಾಗಾದ್ರೆ ನಮ್ದು ಎಲ್ಲಿ, ಇಶ್ಬೆಲ್? ಇಷ್ಟು ದೂರ ಬಂದು ಬರಿಗೈಲಿ ಹೋಗ್ಬೇಕಾ ನಾನು?"

ಹಿಲ್ಡಾ ಹೇಳಿದಳು, "ಹಳೇ ಮನೆ ಇದ್ದದ್ದು ನಮ್ಮ ಹೊಸಿಲಿಂದ ಹಳ್ಳದ ಕಡೆಗೆ ಎಂಬತ್ತು ಹೆಜ್ಜೆ, ಸುತ್ತ ತುರಿಕೆ ಗಿಡ. ಅಜ್ಜಿ ಅಷ್ಟೇ ಹೇಳ್ತಿದ್ದದ್ದು. ಮನುಷ್ಯರು ಬಾಳಿದ ಮಣ್ಣಲ್ಲೇ ಅದು ಸೊಕ್ಕಿ ಬೆಳೆಯೋದಂತೆ."

ಇಶ್ಬೆಲ್ ಹೊಸಿಲಿಂದ ಹೆಜ್ಜೆ ಎಣಿಸತೊಡಗಿದಳು. ಇಪ್ಪತ್ತಕ್ಕೇ ಅವಳಿಗೆ ಅರಿವಾಗಿತ್ತು. ಆದರೂ ಎಂಬತ್ತರವರೆಗೂ ಎಣಿಸಿದಳು. ಎಂಬತ್ತನೆಯ ಹೆಜ್ಜೆಗೆ ಎದುರಿಗಿದ್ದದ್ದು ಅವಳದೇ ಊಟದ ಬುಟ್ಟಿ.

ಕುರಿದೊಡ್ಡಿಯಲ್ಲ. ದೊಡ್ಡಿಗೆ ಎದುರುಬದುರು ಎರಡು ಬಾಗಿಲು ಯಾರು ಇಡುತ್ತಾರೆ? ಅವಳು ಬುಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಚಪ್ಪಟೆ ಕಲ್ಲಿನ ಅಂಚಿನ ಪಾಚಿಯನ್ನು ಉಗುರಿನಿಂದ ಕೆರೆದಳು. ಕೆಳಗೆ ಕಲ್ಲು ಸುಟ್ಟು ಕೆಂಪಾಗಿತ್ತು, ಕಾದು ಕಾದು ಬಿರುಕು ಬಿಟ್ಟಿತ್ತು. ಬಿರುಕಿನ ಮಸಿ ಅವಳ ಬೆರಳಿಗೆ ಹತ್ತಿತು.

"ಅಜ್ಜ, ಇಲ್ಲಿ ಬನ್ನಿ," ಅಂದಳು.

ಎವನ್ ಅಜ್ಜ ಮಸಿಯನ್ನು ಮುಟ್ಟಿ ಮೂಸಿ ನೋಡಿದ. ಆಮೇಲೆ ಹಿಲ್ಡಾಳಿಂದ ಸರಪಳಿ ಇಸಿದುಕೊಂಡು, ಒಲೆಯ ಪಕ್ಕ ನೆಟ್ಟಗೆ ನಿಂತು, ಮೇಲಿನ ಕೊಂಡಿಯನ್ನು ಹಿಡಿದು ತೋಳನ್ನು ಮಾಡಿನ ತೊಲೆ ಇದ್ದಿರಬಹುದಾದಷ್ಟು ಎತ್ತರಕ್ಕೆ ಚಾಚಿದ. ಹಿಲ್ಡಾ ಎರಡೂ ಕೈಯಲ್ಲಿ ಅವನ ಮೊಣಕೈಗೆ ಆಸರೆ ಕೊಟ್ಟಳು. ಸರಪಳಿ ನೇರವಾಗಿ ಇಳಿದು ನಿಂತಾಗ ಕೊಕ್ಕೆ ಒಲೆಗಲ್ಲಿನಿಂದ ಗೇಣುದ್ದ ಮೇಲಿತ್ತು, ಗಡಿಗೆ ತೂಗಬೇಕಾದಲ್ಲೇ.

"ಸರಿಯಾಗಿದೆ," ಅಂದಳು ಹಿಲ್ಡಾ. ಆಕೆ ಅಳುತ್ತಿದ್ದಳು.

ಕೈ ಇಳಿಸಿ ಸರಪಳಿಯನ್ನು ಒಲೆಗಲ್ಲಿನ ಪಕ್ಕ ಇಟ್ಟ ಮೇಲೆ ಅಜ್ಜ ಬಿರುಕಿನಿಂದ ಒಂದು ಚೂರನ್ನು ಮೆಲ್ಲಗೆ ಬಿಡಿಸಿಕೊಂಡ, ಮುಷ್ಟಿಯ ಅರ್ಧದಷ್ಟಿತ್ತು. "ಗುಳಿ ದೊಡ್ಡದಾಯ್ತಲ್ಲ," ಅಂದುಕೊಂಡ. ಹಿಲ್ಡಾಳ ಕೈಯಲ್ಲಿದ್ದ ಕಲ್ಲಿನತ್ತ ನೋಡಿದ. "ಅದರಲ್ಲೊಂದು ಚೂರು ಕೊಡ್ತೀರಾ? ಸರಪಳಿ ಕಾಯ್ದೋರು ಜೊತೆಗಿದ್ರೆ ಜೆಸ್ಸಿ ಬೇಡ ಅನ್ನಲ್ಲ."

ಹಿಲ್ಡಾ ಕಲ್ಲನ್ನು ಪೂರ್ತಿಯಾಗಿ ಕೊಟ್ಟಳು. "ಗುಳಿಗೆ ಹಿಡಿಯೋಷ್ಟು ಒಡ್ಕೊಳ್ಳಿ," ಅಂದಳು. ಅಕ್ಕತಂಗಿಯರು ಫೋಟೋ ತೆಗೆಯುವುದನ್ನು ಮರೆತು ನಿಂತಿದ್ದರು.

ಗಂಟೆ ಒಂದೂವರೆ. ಎಲ್ಲರಿಗೂ ಹಸಿವಾಗಿತ್ತು, ಆದರೆ ಯಾರೂ ಕೂರಲಿಲ್ಲ. ಗೋಡೆಯಾಚೆಯ ಒದ್ದೆ ಹುಲ್ಲಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಇಶ್ಬೆಲ್ ಬುಟ್ಟಿಯನ್ನು ಎತ್ತಿಕೊಂಡು ಬಸ್ಸಿನತ್ತ ಹೊರಟಳು.

"ಎಲ್ಲಿಗೆ?" ಅಂದ ಅಜ್ಜ.

"ಬಸ್ಸಲ್ಲೇ ಊಟ ಮಾಡೋಣ ಅಜ್ಜ. ಡೂಗಲ್ ಮಾವನ ಹಾಗೇ ನಾನೂ ಹದಿನೈದು ವರ್ಷ ನಿಮ್ಮ ಹಿರೀಕರ ಗೋಡೆ ಮೇಲೆ ಜನರನ್ನ ಕೂರಿಸಿ ಸ್ಯಾಂಡ್‌ವಿಚ್ ತಿನ್ನಿಸಿದೀನಿ. ಅವರ ಒಲೆ ಮೇಲೆ ಬುಟ್ಟಿ ಇಟ್ಟಿದೀನಿ. ಯಾವ ಮುಖ ಇಟ್ಕೊಂಡು ಇಲ್ಲಿ ಕೂರ್ಲಿ?"

ಅಜ್ಜ ಬಾಗಿಲಿದ್ದ ಕಡೆಯಿಂದಲೇ ಒಳಗೆ ಬಂದು ಕಲ್ಲುಸಾಲಿನ ಮೇಲೆ ಕುಳಿತ. ಪಕ್ಕದ ಜಾಗವನ್ನು ಕೈಯಿಂದ ಒರೆಸಿದ.

"ಮನೆ ಸುಟ್ಟ ಮೇಲೆ ಇಲ್ಲಿ ಊಟಕ್ಕೆ ಜನ ಕರ್ಕೊಂಡು ಬಂದೋರು ನೀನು, ನಿಮ್ಮ ಮಾವ, ಇಬ್ಬರೇ," ಅಂದ. "ಅವರಲ್ಲಿ ಹೆಚ್ಚಿನೋರು ಇದೇ ಮನೆ ಮಕ್ಕಳು. ಬುಟ್ಟಿ ಎಲ್ಲಿತ್ತೋ ಅಲ್ಲೇ ಇಡು ಮಗಳೇ. ಹೊಟ್ಟೆ ಹಸೀತಿದೆ."

ಇಶ್ಬೆಲ್ ವಾಪಸು ಬಂದು ಬುಟ್ಟಿಯನ್ನು ಒಲೆಯ ಮೇಲೆ ಇಟ್ಟಳು. ಮೊದಲ ಪೊಟ್ಟಣವನ್ನು ಹಿಲ್ಡಾಳಿಗೆ ಕೊಟ್ಟಳು.