ಶನಿವಾರ ಎರಡು ಗಂಟೆಗೆ ಸಾಲ್ಕಿನ್ ಅಪಾ

ಬರೆದವಳು ನಾನೇ. ಬೇರೆಯವರ ತಲೆಗೆ ಕಟ್ಟೋಣ ಅಂದರೆ ಜಪಾರ್ ಒಬ್ಬ ಇದ್ದ, ಆದರೆ ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ ಅಂತ ಊರಿಗೇ ಗೊತ್ತು. ನಮ್ಮ ಕೋಕ್-ಅರಿಕ್ ಊರಿನ ಕಲಾಭವನದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಇಪ್ಪತ್ತಾರು ವರ್ಷದಿಂದ, ಪ್ರತಿ ತಿಂಗಳು ಒಂದನೇ ತಾರೀಕು, ಅದರ ಮೇಲೆ 'ಮುಂದಿನ ಕಾರ್ಯಕ್ರಮಗಳು' ಅಂತ ಸೀಮೆಸುಣ್ಣದಲ್ಲಿ ಬರೆಯುವವಳು ನಾನು, ಬತ್ಮಾ. ಮೇಲ್ವಿಚಾರಕಿ ನಾನು, ಟಿಕೆಟ್ ಹರಿಯುವವಳು ನಾನು, ಒಲೆಗೆ ಕಲ್ಲಿದ್ದಲು ತುಂಬುವವಳೂ ನಾನೇ. ಜಪಾರ್ ದೀಪ ಮತ್ತು ಮೈಕು ನೋಡಿಕೊಳ್ಳುತ್ತಾನೆ, ಉಳಿದ ಹೊತ್ತು ನನ್ನನ್ನು ಗೋಳು ಹುಯ್ದುಕೊಳ್ಳುತ್ತಾನೆ.

ಆ ಸೆಪ್ಟೆಂಬರಿನ ಹಲಗೆ ನನಗೆ ಈಗಲೂ ಬಾಯಿಪಾಠ. ಹತ್ತನೇ ತಾರೀಕಿಗೆ ಶಾಲೆ ಮಕ್ಕಳ ಕೋಮುಜ್ ವಾದನ. ಹನ್ನೆರಡರಿಂದ ಇಪ್ಪತ್ತೆರಡರವರೆಗೆ ಮುಂದಿನ ಕೋಣೆಯಲ್ಲಿ ಉಣ್ಣೆ ಜಮಖಾನಗಳ ಪ್ರದರ್ಶನ. ಹದಿನೈದಕ್ಕೆ ನರೀನ್ ತಂಡದವರ ನಗೆನಾಟಕ. ತಳದಲ್ಲಿ ಒಂದು ಗೇಣು ಜಾಗ ಉಳಿದಿತ್ತು. ಅಲ್ಲಿ ಬರೆದೆ: 'ಈ ಶನಿವಾರ ಎರಡು ಗಂಟೆಗೆ, ಸಾಲ್ಕಿನ್ ಅಪಾ, ಸಾವಿನ ಹಾಡು.'

ಸಾಲ್ಕಿನ್ ಅಪಾ ಒಪ್ಪಿದ್ದು ಹಾಡುವುದಕ್ಕಲ್ಲ. "ಹೆಂಗೆ ಕಟ್ತಾರೆ, ಹೆಂಗೆ ಕೂರ್ತಾರೆ, ಅಷ್ಟು ಹೇಳ್ತೀನಿ. ಹಾಡು ಅಂದ್ರೆ ಚಪ್ಪಲೀಲಿ ಹೊಡೀತೀನಿ," ಅಂದಿದ್ದರು. ನಮ್ಮ ಕಡೆಯ ನಾಲ್ಕು ಕಣಿವೆಯಲ್ಲಿ ಅವರಷ್ಟು ಚೆನ್ನಾಗಿ ಸತ್ತವರನ್ನು ಹಾಡಿ ಅಳುವವರು ಇಲ್ಲ. ಎಪ್ಪತ್ತನಾಲ್ಕರ ಅಜ್ಜಿ, ಕಲಿಯುವವರು ಯಾರೂ ಇಲ್ಲ, ಊರಿನವರು ಕೇಳಿಯಾದರೂ ತಿಳಿದುಕೊಳ್ಳಲಿ ಅಂತ ನನಗೆ ಆಸೆ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತ ಸುಮ್ಮನೆ ಹೇಳಿಲ್ಲ. 'ಹಾಡಿನ ಬಗ್ಗೆ ಮಾತು' ಅಂತ ಬರೆಯಬೇಕಿತ್ತು. ಜಾಗ ಸಾಲದು ಅಂತ ಬಿಟ್ಟೆ.

ಮನೆಯಲ್ಲಿ ಹೆಣ ಇಲ್ಲದೆ ಸಾವಿನ ಹಾಡು ಹಾಡಬಾರದು. ಹಾಡಿದರೆ ಸಾವು ಮನೆ ಹುಡುಕಿಕೊಂಡು ಬರುತ್ತೆ. ಹಾಲು ಕುಡಿಯೋ ಮಗುವಿಗೂ ನಮ್ಮಲ್ಲಿ ಅದು ಗೊತ್ತು. ಅಂದಮೇಲೆ ಸಾಲ್ಕಿನ್ ಅಪಾ ಶನಿವಾರ ಹಾಡುತ್ತಾರೆ ಅಂದರೆ ಯಾರೋ ಸತ್ತಿರಲೇಬೇಕು. ಯಾರು ಅಂತಲೂ ಊರು ಕೇಳಲಿಲ್ಲ.

ಅವರ ಗಂಡ ಎಸೆನ್, ಮೇಲಿನ ಹಿಮನದಿ ಅಳೆಯುವ ವಿಜ್ಞಾನಿಗಳಿಗೆ ಕುದುರೆ ಹೊಡೆದುಕೊಂಡು ದಾರಿ ತೋರಿಸುತ್ತಿದ್ದವನು. ನಲವತ್ತೊಂದು ವರ್ಷದ ಹಿಂದೆ ಒಂದು ಶರತ್ಕಾಲದಲ್ಲಿ ಹತ್ತಿ ಹೋದ. ಜೀನು ಸಮೇತ ಕುದುರೆ ಮಾತ್ರ ಇಳಿದು ಬಂತು. ಮದುವೆಯಾಗಿ ಎರಡೇ ವರ್ಷ, ಮಕ್ಕಳಿಲ್ಲ. ಸಾಲ್ಕಿನ್ ಅಪಾ ಕಪ್ಪು ಉಡಲಿಲ್ಲ, ಅವನಿಗಾಗಿ ಒಂದು ಸಾಲೂ ಹಾಡಲಿಲ್ಲ. ಊರಿನ ಹೆಣಕ್ಕೆಲ್ಲ ಹಾಡಿದರು, ಅವನಿಗಿಲ್ಲ. ನಾನು ಹಲಗೆ ಬರೆದ ವರ್ಷದ ಬೇಸಿಗೆಯಲ್ಲಿ ಪಕ್ಕದ ಕಣಿವೆಯ ಹಿಮ ಕರಗಿ, ಅರವತ್ತು ವರ್ಷದ ಹಿಂದಿನ ಕುರಿಗಾಹಿಯೊಬ್ಬ ತಲೆ ಮೇಲಿನ ಟೋಪಿ ಸಮೇತ ಹೊರಗೆ ಬಂದಿದ್ದ. ಅವತ್ತಿನಿಂದ ನಮ್ಮ ಊರಿನ ಕಣ್ಣೂ ಬೆಟ್ಟದ ಮೇಲೇ ಇತ್ತು.

ಬರೆದ ಮಾರನೇ ಬೆಳಿಗ್ಗೆ ಜಪಾರ್ ಏದುಸಿರು ಬಿಡುತ್ತಾ ಬಂದ.

"ಎಜೆ, ಏನ್ ಮಾಡಿಟ್ಟಿದ್ದೀರಿ ಮಾರಾಯ್ತಿ! ಸಾಲ್ಕಿನ್ ಅಪಾ ಮನೆ ಮುಂದೆ ಊರೇ ಸೇರಿದೆ. ಕಾದಿರ್ ಅತಾ ಕುದುರೆ ಮೇಲಿಂದಲೇ ಅಳ್ತಾ ಬಂದ್ರು."

"ಅಯ್ಯೋ, ಯಾರು ಹೋದ್ರೋ?"

"ಅದನ್ನ ನೀವೇ ಹೇಳ್ಬೇಕು ಅಕ್ಕಯ್ಯ. ಬರ್ದೋರು ನೀವು!"

ಒಲೆ ಬಾಗಿಲೂ ಮುಚ್ಚದೆ ಓಡಿದೆ. ಹೋಗಿ ನೋಡಿದರೆ ಗಂಡಸರು ಗೋಡೆಯುದ್ದಕ್ಕೂ ಕೋಲಿಗೆ ಒರಗಿ ಸಾಲಾಗಿ ನಿಂತಿದ್ದಾರೆ, "ಅಯ್ಯೋ ನನ್ನ ಕರುಳೇ" ಅಂತ ಅಳುತ್ತಿದ್ದಾರೆ. ಹೆಂಗಸರು ರೊಟ್ಟಿ ಗಂಟು ಹಿಡಿದು ಒಳಗೆ ನುಗ್ಗುತ್ತಿದ್ದಾರೆ. ಹೊಸಿಲಲ್ಲಿ ಸಾಲ್ಕಿನ್ ಅಪಾ, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅರ್ಧ ಸುಲಿದ ಆಲೂಗಡ್ಡೆ.

"ಯಾಕ್ರೋ ಅಳ್ತೀರಿ? ಯಾರ್ರೋ ಸತ್ತಿದ್ದು? ನನ್ನ ಮನೇಲಿ ಸತ್ರೆ ನಂಗೆ ಮೊದ್ಲು ಗೊತ್ತಾಗ್ಬೇಡ್ವೇನ್ರೋ!"

ಕಾದಿರ್ ಅತಾ, ಎಸೆನ್‌ನ ಅಣ್ಣ, ಎಂಬತ್ತರ ಮುದುಕ, ಮುಂದೆ ಬಂದರು. ಗಡ್ಡವೆಲ್ಲ ಒದ್ದೆ. "ಎಸೆನ್ ಸಿಕ್ಕಿದಾನಂತಲ್ಲಮ್ಮಾ. ಹಿಮದಿಂದ ಹೊರಗೆ ಬಂದಿದಾನಂತಲ್ಲ," ಅಂದರು.

ಆಲೂಗಡ್ಡೆ ಉರುಳಿ ಮೆಟ್ಟಿಲಿಂದ ಕೆಳಗೆ ಬಿತ್ತು.

"ಸಿಕ್ಕಿದ್ರಾ?" ಅಂದರು ಅಪಾ. ಆ ದನಿ ಎಪ್ಪತ್ತನಾಲ್ಕರದ್ದಲ್ಲ. "ಎಲ್ಲಿ? ಯಾರು ನೋಡಿದ್ರು? ಮುಖ ಹಂಗೇ ಇದೆಯಾ?" ಅನ್ನುತ್ತಾ ಕೈ ತಾನಾಗಿಯೇ ತಲೆಗೆ ಹೋಗಿ ವಸ್ತ್ರ ಸರಿ ಮಾಡಿಕೊಂಡಿತು, ಚಾಕು ಹಿಡಿದ ಕೈ.

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೆ ಹೇಳಬೇಕಾದವಳು ನಾನು. ಜನರ ನಡುವೆ ಜಾಗ ಮಾಡಿಕೊಂಡು ಮುಂದೆ ಹೋದೆ.

"ಯಾರೂ ಸಿಕ್ಕಿಲ್ಲ ಅಪಾ. ತಪ್ಪು ನಂದು. ಹಲಗೆ ಮೇಲೆ ತಪ್ಪಾಗಿ ಬರೆದೆ. ಯಾರೂ ಸಿಕ್ಕಿಲ್ಲ."

ಅಳು ನಿಂತಿತು. ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ಅಪಾ ಬಗ್ಗಿ ಆಲೂಗಡ್ಡೆ ಎತ್ತಿಕೊಂಡು ಮಣ್ಣು ಒರೆಸಿದರು. "ಸರಿ, ಒಳಗೆ ಬನ್ನಿ. ಅಳೋಕೆ ಬಂದೋರು ಬರೀ ಹೊಟ್ಟೇಲಿ ಹೋಗ್ಬಾರ್ದು," ಅಂದರು. ಚಹಾದ ಸಮೊವಾರ್ ಹಚ್ಚಿದರು. ಮೂವತ್ತು ಜನ ತಲೆ ತಗ್ಗಿಸಿಕೊಂಡು ಚಹಾ ಕುಡಿದು, ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಬಟ್ಟಲು ತೊಳೆದೆ. ನನಗೆ ಅದಕ್ಕಿಂತ ಬೇರೆ ಶಿಕ್ಷೆ ಹೊಳೆಯಲಿಲ್ಲ.

"ಹಲಗೆ ಒರೆಸಿಬಿಡ್ತೀನಿ ಅಪಾ," ಅಂದೆ.

"ಒರೆಸಿದ್ರೆ ಹೋಗುತ್ತೇನೇ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು." ಅವರು ನನ್ನ ಕಡೆ ನೋಡದೆ ಅಂದರು. "ನೋಡಿದ್ಯಾ? ಒಬ್ರಾದ್ರೂ 'ಹೌದಾ, ನಿಜವಾ' ಅಂತ ಕೇಳಿದ್ರಾ? ಎಲ್ರ ಕಣ್ಣಲ್ಲೂ ನೀರು ಸಿದ್ಧವಾಗೇ ಇತ್ತು. ನನ್ನ ಮುಂದೆ ಮಾತ್ರ 'ಬರ್ತಾರೆ ಅಪಾ, ಬಂದೇ ಬರ್ತಾರೆ' ಅಂತಿದ್ರು. ನಲವತ್ತೊಂದು ವರ್ಷ, ಎಂಥಾ ನಾಟಕ! ನಿಮ್ಮ ನರೀನ್ ತಂಡಕ್ಕೂ ಬರಲ್ಲ." ಆಮೇಲೆ ತಿರುಗಿದರು. "ನೀನೂ ಹಂಗೇ ಅಂದ್ಕೊಂಡಿದ್ಯಾ?"

ಸುಳ್ಳು ಹೇಳಬಹುದಿತ್ತು. "ಹೂಂ ಅಪಾ," ಅಂದೆ.

"ಸದ್ಯ. ಒಬ್ಳಾದ್ರೂ ಬಾಯಿ ಬಿಟ್ಯಲ್ಲ."

ತೊಳೆದ ಬಟ್ಟಲೊಂದನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸಿದರು. ಆಮೇಲೆ ನಾನು ಕೇಳದೆಯೇ ಅಂದರು: "ಅದೇ ವರ್ಷ ಆ ವಿಜ್ಞಾನಿಗಳಿಗೆ ಅಡುಗೆ ಮಾಡ್ತಿದ್ದೋಳೂ ಊರು ಬಿಟ್ಟಳು. ಅವಳ ಜೊತೆ ಕಣಿವೆ ದಾಟಿದಾರೆ ಅಂತ ಆಡ್ಕೊಂಡೋರು ಇದಾರೆ. ನಂಗೆ ಕೇಳಿಸಿಲ್ಲ ಅಂದ್ಕೊಂಡ್ಯಾ? ಇರ್ಲಿ. ಅವಳ ಜೊತೆಗೇ ಇರ್ಲಿ. ಹಲ್ಲು ಬಿದ್ದು, ಬೆನ್ನು ಬಾಗಿ, ದಿನಾ ಅವಳ ಹತ್ರ ಬೈಸ್ಕೊಂಡು ಇರ್ಲಿ. ಇದಾರೆ ಅಂತ ಇದ್ರೆ ಸಾಕು ನಂಗೆ."

ನನಗೆ ಕಣ್ಣು ತುಂಬಿ ಬಂತು. ಅವರಿಗೆ ಬರಲಿಲ್ಲ.

"ಸಾಯೋಕೆ ಹೆದರಿಕೆ ಇಲ್ಲ ಕಣೇ. ನಾನು ಕಣ್ಣು ಮುಚ್ಚಿದ ದಿನ ಇವ್ರು ಎರಡು ಹೆಣ ಹೂಳ್ತಾರೆ, ಅದು ಹೆದರಿಕೆ. ಒಂದು ನಂದು, ಇನ್ನೊಂದು ಅವರದ್ದು. ಅವರು ಬದುಕಿದಾರೆ ಅನ್ನೋ ಬಾಯಿ ಈ ಊರಲ್ಲಿ ಇದೊಂದೇ. ಇದು ಮುಚ್ಚೋದನ್ನೇ ಕಾಯ್ತಿದಾರೆ." ಎದ್ದು ಬಟ್ಟಲುಗಳನ್ನು ಬೋರಲು ಹಾಕಿದರು. "ಒರೆಸ್ಬೇಡ. ಬರ್ತೀನಿ ಶನಿವಾರ."

ಶನಿವಾರ ಭವನದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಗೆನಾಟಕಕ್ಕೂ ನಾನು ಅಷ್ಟು ಜನ ಕಂಡವಳಲ್ಲ. ಅಪಾ ವೇದಿಕೆ ಹತ್ತಿ, ಜಪಾರ್ ಕೊಟ್ಟ ಮೈಕನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟರು.

"ಯಾರೂ ಸತ್ತಿಲ್ಲ. ಅದ್ಕೇ ಹಾಡಲ್ಲ," ಅಂದರು. "ಕೆಲಸ ಹೇಳ್ಕೊಡ್ತೀನಿ. ಗೋಡೆ ಕಡೆ ಮುಖ, ಊರಿನ ಕಡೆ ಬೆನ್ನು, ಸೊಂಟದ ಮೇಲೆ ಕೈ. ಯಾಕೆ? ನಿಮ್ಮ ಮುಖ ನೋಡಿದ್ರೆ ಸುಳ್ಳು ಹಾಡ್ಬೇಕಾಗುತ್ತೆ. ಸತ್ತೋನು ಜಿಪುಣ ಆಗಿದ್ರೆ ದಾನಶೂರ ಅನ್ಬೇಡಿ. ಅವನು ಕುರಿ ಎಣಿಸ್ತಿದ್ದ ರೀತಿ ಹಾಡಿ, ಹೆಂಡ್ತಿ ಅಳ್ತಾಳೆ. ಹಾಡೋ ಮುಂಚೆ ಆ ಮನೆಯವ್ರನ್ನ ಕೇಳಿ. ಹಾಡು ನಿಮ್ಮದಲ್ಲ, ಸತ್ತೋರದ್ದು."

ಎರಡು ಗಂಟೆ ಮಾತಾಡಿದರು. ಯಾರೂ ಕೆಮ್ಮಲಿಲ್ಲ. ಕೊನೆಗೆ ಕೇಳಿದರು: "ಕಲಿಯೋರು ಯಾರಿದೀರಿ?"

ಹೆಂಗಸರೆಲ್ಲ ತಮ್ಮ ತಮ್ಮ ಕೈ ನೋಡಿಕೊಂಡರು. ಅಪಾ ಬಾಗಿಲಲ್ಲಿ ನಿಂತಿದ್ದ ನನ್ನತ್ತ ಬೆರಳು ತೋರಿಸಿದರು. "ಬರೆದೋಳು ನೀನು. ನೀನೇ ಕಲಿ."

"ಅಪಾ, ನಂದು ಕತ್ತೆ ದನಿ!"

"ಸತ್ತೋರು ದನಿ ಕೇಳಲ್ಲ, ಮಾತು ಕೇಳ್ತಾರೆ. ಸೋಮವಾರದಿಂದ ಬಾ."

ಆ ಚಳಿಗಾಲವಿಡೀ ಹೋದೆ. ಒಂದು ದಿನ ಬರೀ ಮಾತು, ಅಂಗಡಿಯಲ್ಲಿ ಸಾಮಾನಿನ ಪಟ್ಟಿ ಹೇಳಿದ ಹಾಗೆ, ರಾಗ ಇಲ್ಲದೆ. ಇನ್ನೊಂದು ದಿನ ಬರೀ ರಾಗ, ಮಾತಿಲ್ಲದೆ, ಬಾಯಿ ಮುಚ್ಚಿಕೊಂಡು. ಸಾವಿಲ್ಲದ ಮನೆಯಲ್ಲಿ ಎರಡನ್ನೂ ಕೂಡಿಸಬಾರದು. ನಾನು ಮೈಮರೆತು ಒಮ್ಮೆ ಕೂಡಿಸಿದೆ. ಸೌಟಿನಿಂದ ಮೊಣಕೈಗೆ ಬಿತ್ತು. ಎಸೆನ್ ಹೆಸರು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚಿನಲ್ಲಿ, ಹೊಸವರ್ಷದ ಹಬ್ಬಕ್ಕೆ ಐದು ದಿನ ಇರುವಾಗ, ಸಾಲ್ಕಿನ್ ಅಪಾ ಹೋದರು. ಹಟ್ಟಿಯಿಂದ ಹಾಲು ಕರೆದು ತಂದು, ಬಕೆಟ್ ಕೆಳಗಿಟ್ಟು, ಕೂತವರು ಏಳಲಿಲ್ಲ. ಹಬ್ಬದ ಕಾರ್ಯಕ್ರಮದ ಸಾಲನ್ನು ಹಲಗೆಯಿಂದ ನಾನೇ ಒರೆಸಿದೆ. ಅಂಗಳದಲ್ಲಿ ಡೇರೆ ಎದ್ದಿತು, ಬಂದವರ ಊಟಕ್ಕೆ ಕುದುರೆ ಕಡಿದರು, ಕಣಿವೆ ಕಣಿವೆಯಿಂದ ಜನ ಬಂದರು. ಆ ಬಾಯಿ ಮುಚ್ಚಿದೆ ಅಂತ ನನಗೆ ನಂಬಿಕೆಯೇ ಬರಲಿಲ್ಲ.

ಡೇರೆ ಬಾಗಿಲಲ್ಲಿ ಕಾದಿರ್ ಅತಾ ನನ್ನ ತೋಳು ಹಿಡಿದರು.

"ಬತ್ಮಾ, ಇಬ್ರಿಗೂ ಸೇರಿಸಿ ಹಾಡ್ಬಿಡಮ್ಮಾ. ಅವಳು ಇರೋವರೆಗೆ ನಾನು ಬಾಯಿ ಬಿಡ್ಲಿಲ್ಲ. ನಾನೂ ಇವತ್ತೋ ನಾಳೆಯೋ. ನನ್ನ ತಮ್ಮಂಗೆ ಯಾರೂ ಅತ್ತಿಲ್ಲ. ಒಂದು ಹಾಡು ಆಗ್ಲಿ, ಇವಳ ಪಕ್ಕ ಒಂದು ಕಲ್ಲು ಆಗ್ಲಿ. ಕೇಳ್ಕೋತೀನಿ."

ಆ ಮುದುಕನದ್ದೂ ಕರುಳೇ ಅಲ್ಲವಾ. ತೋಳು ಬಿಡಿಸಿಕೊಂಡು ಒಳಗೆ ಹೋದೆ.

ಡೇರೆಯ ಗೋಡೆಗೆ ಮುಖ ಮಾಡಿ ಕೂತು, ಸೊಂಟದ ಮೇಲೆ ಕೈಯಿಟ್ಟು, ಮೊದಲ ಸಲ ಮಾತನ್ನೂ ರಾಗವನ್ನೂ ಕೂಡಿಸಿದೆ. ಅವರ ಚಾಕು, ಅವರ ಬೈಗುಳ, ಅವರ ಚಹಾ, ಅವರು ಅಳಿಸಿದ ನೂರು ಮನೆ, ಎಲ್ಲ ಬಂತು. ಕತ್ತೆ ದನಿಯೋ ಏನೋ, ಪಕ್ಕದ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಗಂಡನ ಸಾಲು ಬಂತು. ಮದುವೆಯಾದ ಹೆಂಗಸಿನ ಹಾಡಿನಲ್ಲಿ ಅದನ್ನು ಬಿಡುವ ಹಾಗಿಲ್ಲ. ಗಂಡ ಮೊದಲೇ ಸತ್ತಿದ್ದರೆ 'ನಿನ್ನವನ ಬಳಿಗೆ ಹೊರಟೆಯಾ' ಅನ್ನಬೇಕು. ಇದ್ದರೆ 'ನಿನ್ನವನ ಒಂಟಿ ಮಾಡಿ ಹೊರಟೆಯಾ' ಅನ್ನಬೇಕು. ಮೂರನೆಯದು ಇಲ್ಲ. ಹೊರಗೆ ಗಂಡಸರ ಅಳು ಸಣ್ಣಗಾಯಿತು. ಎಲ್ಲರೂ ಆ ಸಾಲನ್ನೇ ಕಾಯುತ್ತಿದ್ದರು.

ನನ್ನ ಮನಸ್ಸನ್ನು ಕೇಳಿದ್ದರೆ ಎಸೆನ್ ಆ ಹಿಮದಲ್ಲಿ ಸತ್ತು ನಲವತ್ತೊಂದು ವರ್ಷ. ಈಗಲೂ ನಾನು ಹಾಗೇ ಅಂದುಕೊಂಡಿದ್ದೇನೆ. ಆದರೆ ಹಾಡು ನನ್ನದಾಗಿರಲಿಲ್ಲ.

"ನಿನ್ನವನ ಒಂಟಿ ಮಾಡಿ ಹೊರಟೆಯಾ ಸಾಲ್ಕಿನ್," ಅಂತ ಹಾಡಿದೆ. "ಬಾಗಿಲು ತಟ್ಟಿದರೆ ತೆಗೆಯುವವರಿಲ್ಲ, ಅವನ ಒಂಟಿ ಮಾಡಿ ಹೊರಟೆಯಾ."

ಡೇರೆಯ ಒಳಗೂ ಹೊರಗೂ ಒಂದು ಸದ್ದಿಲ್ಲ. ಆಮೇಲೆ ಕಾದಿರ್ ಅತಾ ಮತ್ತೆ ಅಳುವುದು ಕೇಳಿಸಿತು. "ಅಯ್ಯೋ ನಮ್ಮ ಮನೆ ಸೊಸೆಯೇ," ಅಂತ. ಅಷ್ಟು ಹೊತ್ತೂ ಅವರು "ತಮ್ಮಾ" ಅಂತ ಅಳುತ್ತಿದ್ದರು. ಆಮೇಲೆ ಆ ಮಾತು ಅವರ ಬಾಯಲ್ಲಿ ಬರಲಿಲ್ಲ.

ಮಣ್ಣು ಮಾಡಿ ಬಂದ ಗಂಡಸರು ಕೈ ತೊಳೆಯುತ್ತಿದ್ದರು. ಒಂದೇ ಗುಂಡಿ ತೋಡಿದ್ದರು, ಒಂದೇ ಕಲ್ಲು. ನಾನು ಹೂಜಿಯಿಂದ ಕಾದಿರ್ ಅತಾ ಕೈಗೆ ನೀರು ಹಾಕಿದೆ. ಬೈಯುತ್ತಾರೆ ಅಂತ ಕಾದಿದ್ದೆ. ಅವರು ಬೈಯಲಿಲ್ಲ. ತುಂಬ ಹೊತ್ತು ಬೆರಳು ಬೆರಳೇ ಉಜ್ಜಿಕೊಂಡರು.

"ಅವನು ಬಂದ್ರೆ, ಇವಳು ಹೋದ್ಲು ಅಂತ ಅವನಿಗೆ ಯಾರು ಹೇಳ್ಬೇಕು?"

"ಮನೆಗೆ ದೊಡ್ಡೋರು ನೀವು ಅತಾ. ನೀವೇ ಹೇಳ್ಬೇಕು."

ಅವರು ತಲೆ ಆಡಿಸಿ, ಬೆಟ್ಟದ ಕಡೆ ಒಮ್ಮೆ ನೋಡಿ, ನಾನು ಕೊಟ್ಟ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಹಂಗಾದ್ರೆ ನಾನು ಇನ್ನೂ ಒಂದಷ್ಟು ದಿನ ಇರ್ಬೇಕಾಯ್ತಲ್ಲಮ್ಮಾ," ಅಂದರು.